ಮಗು ಬಿಡಿಸಿದ ಚಿತ್ರದಿಂದ ಮನಸ್ಸನ್ನು ಅಳೆಯಬಹುದೇ?

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು, ಚಿತ್ರ ಬರೆಸಿ ಮಾಡುವ ಮಾನಸಿಕ ಪರೀಕ್ಷೆಗಳಿಗೆ ಸಂಬಂಧಿಸಿವೆ. ಆದ್ದರಿಂದ ಇಡೀ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ, ಎರಡನೇ ತರಗತಿಯಲ್ಲಿ ಓದುತ್ತಿದ್ದಾನೆ. ಶಾಲೆಗೆ ಬಂದಿದ್ದ ಆಪ್ತಸಮಾಲೋಚಕರೊಬ್ಬರು ತರಗತಿಯ ಎಲ್ಲ ಮಕ್ಕಳಿಂದ ಒಂದು ಮನೆ, ಒಂದು ಮರ, ಒಬ್ಬ ಮನುಷ್ಯನ ಚಿತ್ರ ಬರೆಸಿದರು. ನನ್ನ ಮಗ ಮನೆಗೆ ಕಿಟಕಿ ಹಾಕಿರಲಿಲ್ಲ, ಮರದಲ್ಲಿ ದೊಡ್ಡದೊಂದು ಪೊಟರೆ ಬರೆದಿದ್ದ, ಮನುಷ್ಯನಿಗೆ ಕೈಗಳೇ ಇರಲಿಲ್ಲ, ಎಲ್ಲವನ್ನೂ ಕಪ್ಪು ಬಣ್ಣದಲ್ಲಿ ಬಿಡಿಸಿದ್ದ. ‘ಮಗುವಿನ ಮನಸ್ಸಿಗೆ ಆಘಾತವಾಗಿದೆ, ಮನೆಯಲ್ಲಿ ಪ್ರೀತಿಯ ಕೊರತೆ ಇದೆ’ ಎಂದು ಬರೆದುಕೊಟ್ಟಿದ್ದಾರೆ. ಊಟ, ನಿದ್ದೆ, ಆಟ, ಓದು ಎಲ್ಲದರಲ್ಲೂ ಅವನು ಮೊದಲಿನಂತೆಯೇ ಇದ್ದಾನೆ. ಆದರೂ ಅಂದಿನಿಂದ ನನ್ನ ನೆಮ್ಮದಿ ಹಾಳಾಗಿದೆ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮಗೆ ಕೊಟ್ಟಿರುವ ಆ ತೀರ್ಮಾನಕ್ಕೆ ಆ ಒಂದು ಹಾಳೆ ಆಧಾರವಾಗಲಾರದು ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಸಬೇಕು, ಏಕೆಂದರೆ ಇಂಥ ಚೀಟಿಗಳು ಈಗ ಅನೇಕ ಮನೆಗಳಿಗೆ ತಲುಪುತ್ತಿವೆ.

ಮನೆ, ಮರ, ಮನುಷ್ಯ ಬರೆಸುವ ಪರೀಕ್ಷೆಯನ್ನು 1948ರಲ್ಲಿ ಪ್ರಕಟಿಸಿದವರು ಅಮೆರಿಕದ ಮನೋವಿಜ್ಞಾನಿ ಜಾನ್ ಬಕ್. ಮರುವರ್ಷ ಕ್ಯಾರೆನ್ ಮ್ಯಾಕೋವರ್ ಎಂಬವರು ಮನುಷ್ಯಾಕೃತಿಯ ಚಿತ್ರದಿಂದ ವ್ಯಕ್ತಿತ್ವವನ್ನು ಅರಿಯುವ ವಿಧಾನವನ್ನು ಮಂಡಿಸಿದರು. ಒಳಗಿನ ಭಯ, ಆಸೆ, ಸಂಘರ್ಷಗಳು ತಮಗೆ ತಾವೇ ಕಾಗದದ ಮೇಲೆ ಮೂಡುತ್ತವೆ ಎಂಬ ನಂಬಿಕೆ ಎರಡಕ್ಕೂ ತಳಹದಿ. ಪೊಟರೆ ಎಂದರೆ ಆಘಾತ, ಕೈ ಇಲ್ಲದಿದ್ದರೆ ಅಸಹಾಯಕತೆ, ಹೊಗೆಗೂಡು ಇಲ್ಲದಿದ್ದರೆ ಮನೆಯಲ್ಲಿ ಅಕ್ಕರೆಯಿಲ್ಲ ಎಂಬ ರೀತಿಯ ಸಂಕೇತಗಳ ಪಟ್ಟಿ ಹುಟ್ಟಿಕೊಂಡದ್ದು ಈ ಪರಂಪರೆಯಿಂದಲೇ. ಆದರೆ ಬಕ್ ಅವರ ವಿಧಾನದಲ್ಲಿಯೂ ಚಿತ್ರ ಬರೆದಾದ ಮೇಲೆ ಬರೆದವರನ್ನು ಕೂರಿಸಿಕೊಂಡು ದೀರ್ಘವಾಗಿ ಪ್ರಶ್ನೆ ಕೇಳುವ ಹಂತವೊಂದಿದೆ. ಇಡೀ ತರಗತಿಗೆ ಒಟ್ಟಿಗೆ ಹಾಳೆ ಹಂಚಿ, ಯಾವ ಮಗುವನ್ನೂ ಮಾತನಾಡಿಸದೆ ಫಲಿತಾಂಶ ಬರೆದುಕೊಟ್ಟರೆ ಅದು ಆ ಪರೀಕ್ಷೆಯ ಸ್ವಂತ ನಿಯಮಕ್ಕೂ ಹೊರತಾದದ್ದು.

ಸಂಕೇತಗಳ ಪಟ್ಟಿಯ ವಿಷಯಕ್ಕೆ ಬಂದರೆ, 1967ರಲ್ಲಿ ಲೋರೆನ್ ಚಾಪ್‌ಮನ್ ಮತ್ತು ಜೀನ್ ಚಾಪ್‌ಮನ್ ದಂಪತಿ ನಡೆಸಿದ ಅಧ್ಯಯನವನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಮನೋವಿಜ್ಞಾನದ ಅನುಭವವಿಲ್ಲದ ಕಾಲೇಜು ವಿದ್ಯಾರ್ಥಿಗಳಿಗೆ ಅವರು ಮನುಷ್ಯಾಕೃತಿಯ ಚಿತ್ರಗಳನ್ನು ತೋರಿಸಿ, ಪ್ರತಿಯೊಂದರ ಜೊತೆಗೆ ಒಂದೊಂದು ಮಾನಸಿಕ ತೊಂದರೆಯ ವಿವರವನ್ನು ಯಾವ ಸಂಬಂಧವೂ ಇಲ್ಲದಂತೆ ಬೆರೆಸಿ ಕೊಟ್ಟಿದ್ದರು. ಚಿತ್ರಕ್ಕೂ ತೊಂದರೆಗೂ ನಂಟೇ ಇಲ್ಲದಿದ್ದರೂ, ಸಂಶಯ ಸ್ವಭಾವದವರು ಕಣ್ಣನ್ನು ವಿಚಿತ್ರವಾಗಿ ಬರೆಯುತ್ತಾರೆಂಬುದನ್ನು ತಾವು ಕಂಡೆವೆಂದೇ ಆ ವಿದ್ಯಾರ್ಥಿಗಳು ಹೇಳಿದರು. ಅನುಭವಿ ಮನೋವಿಜ್ಞಾನಿಗಳು ಹೇಳುತ್ತಿದ್ದದ್ದೂ ಅದನ್ನೇ. ಅಂದರೆ ಕಣ್ಣಿಗೂ ಸಂಶಯಕ್ಕೂ ಇರುವ ನಂಟು ನೋಡುವವರ ಮನಸ್ಸಿನಲ್ಲಿ ಮೊದಲೇ ಕುಳಿತಿರುತ್ತದೆ, ಚಿತ್ರ ಅದಕ್ಕೆ ನೆಪವಾಗುತ್ತದೆ. ಬಿಡಿ ಸಂಕೇತಗಳಿಂದ ವ್ಯಕ್ತಿತ್ವವನ್ನಾಗಲಿ ರೋಗವನ್ನಾಗಲಿ ನಿರ್ಣಯಿಸುವುದಕ್ಕೆ ಮುಂದಿನ ದಶಕಗಳ ಸಂಶೋಧನೆಯೂ ಬಲವಾದ ಬೆಂಬಲ ಕೊಟ್ಟಿಲ್ಲ.

ಇನ್ನು ಈ ಸಂಕೇತಗಳು ನಮ್ಮ ನೆಲಕ್ಕೆ ಎಷ್ಟು ಹೊಂದುತ್ತವೆ ಎಂಬುದನ್ನೂ ಯೋಚಿಸಿ. ಹೊಗೆಗೂಡಿರುವ ಇಳಿಜಾರು ಮಾಡಿನ ಮನೆ ಚಳಿನಾಡಿನದು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಯ ಮಗು ಕಂಡಿರುವುದು ಮಣ್ಣಿನ ಮಾಳಿಗೆ ಮನೆಯನ್ನು, ಅದಕ್ಕೆ ಬೆಳಕು ಬರುವುದು ಹೆಚ್ಚಾಗಿ ಮೇಲಿನ ಗವಾಕ್ಷಿಯಿಂದ. ದಾವಣಗೆರೆಯ ಮಗು ಒಂದಕ್ಕೊಂದು ಗೋಡೆ ತಾಗಿದ ತಾರಸಿ ಮನೆಗಳ ಸಾಲಿನಲ್ಲಿ ಬೆಳೆಯುತ್ತದೆ. ಎರಡು ಪಕ್ಕದಲ್ಲಿ ಕಿಟಕಿಯೇ ಇಲ್ಲದ ಮನೆಗಳು ಅಲ್ಲಿ ಎಷ್ಟಿಲ್ಲ! ಹುಣಸೆ ಮರದ ಪೊಟರೆಯಲ್ಲಿ ಗಿಳಿ ಇರುವುದನ್ನು ನೋಡಿದ ಹುಡುಗ ಮರ ಬರೆಯುವಾಗ ಪೊಟರೆಯನ್ನೂ ಬರೆದರೆ ಅದು ಅವನ ಕಣ್ಣಿನ ಚುರುಕುತನ. ಕಪ್ಪು ಬಣ್ಣದ ವಿಷಯದಲ್ಲಿ ಮೊದಲು ಕೇಳಬೇಕಾದದ್ದು, ಅಂದು ಅವನ ಕೈಗೆ ಸಿಕ್ಕ ಬಣ್ಣಗಳು ಯಾವುವು, ಬರೆಯಲು ಎಷ್ಟು ಸಮಯ ಕೊಟ್ಟಿದ್ದರು ಎಂಬುದನ್ನು. ಕೈಗಳ ವಿಷಯದಲ್ಲಿ ಮಾತ್ರ ಒಂದು ಮಾತು ಸೇರಿಸುತ್ತೇನೆ: ಮೂರು, ನಾಲ್ಕು ವರ್ಷದ ಮಕ್ಕಳು ತಲೆಯಿಂದ ನೇರವಾಗಿ ಕಾಲು ಇಳಿಬಿಟ್ಟು ಮನುಷ್ಯನನ್ನು ಬರೆಯುವುದು ಸಹಜ, ಏಳರ ಹೊತ್ತಿಗೆ ಬಹುತೇಕ ಮಕ್ಕಳು ಕೈಗಳನ್ನು ಸೇರಿಸುತ್ತಾರೆ. ಬಿಟ್ಟರೆ ಅದು ಅವಸರವೂ ಆಗಿರಬಹುದು. ಬೇರೊಂದು ದಿನ ಸಮಾಧಾನವಾಗಿ ಬರೆಯಲು ಹೇಳಿದಾಗಲೂ, ಆಮೇಲೆಯೂ, ಮತ್ತೆ ಮತ್ತೆ ಬಿಟ್ಟರೆ ಆಗ ಬೆಳವಣಿಗೆಯ ದೃಷ್ಟಿಯಿಂದ ತೋರಿಸಬಹುದು.

ಬೆಳವಣಿಗೆ ಎಂದೆ. ಚಿತ್ರ ಪರೀಕ್ಷೆಗಳ ಹೆಚ್ಚು ನೆಚ್ಚಬಹುದಾದ ಉಪಯೋಗ ಇರುವುದು ಅಲ್ಲಿ. 1926ರಲ್ಲಿ ಫ್ಲಾರೆನ್ಸ್ ಗುಡಿನಫ್ ರೂಪಿಸಿದ ‘ಮನುಷ್ಯನ ಚಿತ್ರ’ ಪರೀಕ್ಷೆಯಲ್ಲಿ ಮನಸ್ಸಿನ ಗುಟ್ಟನ್ನು ಹುಡುಕುವುದಿಲ್ಲ. ಕುತ್ತಿಗೆ ಇದೆಯೇ, ಬೆರಳುಗಳ ಸಂಖ್ಯೆ ಸರಿಯಿದೆಯೇ, ತೋಳು ಸರಿಯಾದ ಜಾಗದಲ್ಲಿ ಸೇರಿದೆಯೇ ಎಂದು 51 ಅಂಶಗಳನ್ನು ಎಣಿಸಿ ಅಂಕ ಕೊಡುತ್ತಾರೆ. 1963ರಲ್ಲಿ ಡೇಲ್ ಹ್ಯಾರಿಸ್ ಅದನ್ನು ಪರಿಷ್ಕರಿಸಿದರು. ಭಾರತೀಯ ಮಕ್ಕಳಿಗಾಗಿ ಪ್ರಮೀಳಾ ಫಾಟಕ್ ಅವರು ಬರೋಡದಲ್ಲಿ ಸಿದ್ಧಪಡಿಸಿದ ಮಾನಕ, ಅಂದರೆ ಮಗುವಿನ ಅಂಕವನ್ನು ಹೋಲಿಸಿ ನೋಡುವ ಅಳತೆಪಟ್ಟಿ, ಇಂದಿಗೂ ಬಳಕೆಯಲ್ಲಿದೆ. ಇದರಿಂದ ಬರುವ ಅಂಕವೂ ಬುದ್ಧಿಮತ್ತೆಯ ಒರಟು ಅಂದಾಜು ಮಾತ್ರ, ಕಡಿಮೆ ಬಂದರೆ ಪೂರ್ಣ ಪರೀಕ್ಷೆಗೆ ಕಳುಹಿಸಲು ಒಂದು ಕಾರಣ ಸಿಕ್ಕಿತು ಎಂದಷ್ಟೇ ತಿಳಿಯಬೇಕು.

ನೀವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಮಗ ಬಿಡುವಾಗಿರುವಾಗ ಆ ಚಿತ್ರವನ್ನು ಮುಂದಿಟ್ಟು, ‘ಇದರ ಬಗ್ಗೆ ಹೇಳಪ್ಪ’ ಎನ್ನಿ. ‘ಕೈ ಯಾಕೆ ಬರೆಯಲಿಲ್ಲ’ ಎಂದು ಪಾಟೀಸವಾಲು ಮಾಡಬೇಡಿ. ನಿದ್ದೆ ಕೆಡುವುದು, ಹಾಸಿಗೆಯಲ್ಲಿ ಮತ್ತೆ ಮೂತ್ರ ಮಾಡತೊಡಗುವುದು, ಶಾಲೆಗೆ ಹೋಗಲು ಒಲ್ಲೆ ಎನ್ನುವುದು, ಒಬ್ಬರನ್ನು ಕಂಡರೆ ಹೆದರುವುದು, ಗೆಳೆಯರಿಂದ ದೂರವಾಗುವುದು ಇಂಥ ಬದಲಾವಣೆಗಳು ವಾರಗಟ್ಟಲೆ ಉಳಿದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ಪತ್ರದಲ್ಲಿ ಅಂಥದ್ದು ಯಾವುದೂ ನನಗೆ ಕಾಣಲಿಲ್ಲ. ಶಾಲೆಯವರನ್ನು ಭೇಟಿಯಾಗಿ, ಆ ಚೀಟಿಯನ್ನು ಮಗುವಿನ ಕಡತದಿಂದ ತೆಗೆಸಬೇಕೆಂದು ಲಿಖಿತವಾಗಿ ಕೇಳಿಕೊಳ್ಳಿ. ಈ ಕೋರಿಕೆ ಸಂಪೂರ್ಣ ನ್ಯಾಯವಾದದ್ದು.

ಪ್ರಶ್ನೆ: ನಾನು ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ಕಲಾ ಚಿಕಿತ್ಸೆಯಲ್ಲಿ ಆಸಕ್ತಿಯಿದೆ. ಮರದಿಂದ ಸೇಬು ಕೀಳುತ್ತಿರುವ ಮನುಷ್ಯನನ್ನು ಬರೆಸಿ ಅಂಕ ಕೊಡುವ ವಿಧಾನವೊಂದನ್ನು ಓದಿದೆ. ಸೇಬಿನ ಬದಲು ಮಾವು ಎಂದು ಬದಲಿಸಿಕೊಂಡು ನನ್ನ ವಿದ್ಯಾರ್ಥಿಗಳಿಗೆ ಬಳಸಬಹುದೇ? ತೊಂದರೆಯಲ್ಲಿರುವ ಮಕ್ಕಳನ್ನು ಚಿತ್ರದಿಂದಲೇ ಗುರುತಿಸುವ ಇಚ್ಛೆ ನನ್ನದು.

ಉತ್ತರ: ನೀವು ಓದಿರುವ ವಿಧಾನ ಮೇಲೆ ಹೇಳಿದ ಸಂಕೇತ ಪಟ್ಟಿಗಿಂತ ಬಹಳ ಭಿನ್ನವಾದದ್ದು, ಕಲಾ ಚಿಕಿತ್ಸಕರೇ ತಮ್ಮ ಅನುಭವದಿಂದ ಕಟ್ಟಿದ್ದು. ಸೇಬು ಕೀಳುವ ಆ ವಿಷಯ ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ ಅವರ ಕೆಲಸದಿಂದ ಬಂದದ್ದಾದರೂ, ಅದಕ್ಕೆ ಅಳತೆಗೋಲನ್ನು ಲಿಂಡಾ ಗ್ಯಾಂಟ್ ಮತ್ತು ಕಾರ್ಮೆಲ್ಲೊ ಟಬೋನ್ 1998ರಲ್ಲಿ ಪ್ರಕಟಿಸಿದರು. 12 ಇಂಚು ಅಗಲ, 18 ಇಂಚು ಉದ್ದದ ಹಾಳೆ ಮತ್ತು ನಿಗದಿಪಡಿಸಿದ 12 ಬಣ್ಣಗಳ ಮಾರ್ಕರ್ ಕೊಟ್ಟು ಚಿತ್ರ ಬರೆಸುತ್ತಾರೆ. ಆಮೇಲೆ ಏನನ್ನು ಬರೆದಿದ್ದಾರೆ ಎಂಬುದಕ್ಕಿಂತ ಹೇಗೆ ಬರೆದಿದ್ದಾರೆ ಎಂಬುದನ್ನು 14 ಅಂಶಗಳಲ್ಲಿ ನೋಡುತ್ತಾರೆ. ಬಣ್ಣ ಎಷ್ಟು ಬಳಸಿದ್ದಾರೆ, ವಸ್ತುವಿಗೆ ಅದು ಒಪ್ಪುತ್ತದೆಯೇ, ಬರೆಯಲು ಎಷ್ಟು ಶಕ್ತಿ ವ್ಯಯವಾಗಿರಬಹುದು, ಹಾಳೆಯ ಎಷ್ಟು ಭಾಗ ತುಂಬಿದೆ, ಬಿಡಿ ಭಾಗಗಳು ಒಂದಾಗಿ ಕೂಡಿವೆಯೇ, ಹಣ್ಣು ಕೀಳುವ ಸಮಸ್ಯೆಯನ್ನು ಚಿತ್ರದ ಮನುಷ್ಯ ಹೇಗೆ ಬಿಡಿಸಿಕೊಂಡಿದ್ದಾನೆ, ಗೆರೆ ಹಿಡಿತದಲ್ಲಿದೆಯೇ, ಒಂದೇ ಗೆರೆಯನ್ನು ನಿಲ್ಲಿಸಲಾರದೆ ಎಳೆದಿದ್ದಾರೆಯೇ ಎಂಬಂಥವು ಅವುಗಳಲ್ಲಿ ಕೆಲವು. ತೀವ್ರ ಖಿನ್ನತೆಯಲ್ಲಿರುವವರ ಚಿತ್ರದಲ್ಲಿ ಬಣ್ಣ, ವಿವರ, ಶಕ್ತಿ ಕುಗ್ಗುತ್ತವೆ, ಉನ್ಮಾದದಲ್ಲಿ ಉಕ್ಕುತ್ತವೆ ಎಂಬುದು ಇದರ ಹಿಂದಿನ ತರ್ಕ. ಇದೇ ದಾರಿಯ ಇನ್ನೊಂದು ವಿಧಾನವನ್ನು 1980ರ ದಶಕದ ಆರಂಭದಲ್ಲಿ ಬ್ಯಾರಿ ಕೋಹೆನ್ ರೂಪಿಸಿದರು. ಅದರಲ್ಲಿ ಮೂರು ಚಿತ್ರಗಳಿವೆ: ಇಷ್ಟಬಂದದ್ದು, ಒಂದು ಮರ, ಮತ್ತು ಗೆರೆ, ಆಕಾರ, ಬಣ್ಣಗಳಿಂದ ಈಗಿನ ಭಾವನೆ.

ಹಣ್ಣನ್ನು ಬದಲಿಸಬಹುದೇ ಎಂಬುದಕ್ಕೆ ಎರಡು ಉತ್ತರಗಳಿವೆ. ಮಕ್ಕಳೊಂದಿಗೆ ಮಾತಿಗೆ ಎಡೆಮಾಡಿಕೊಳ್ಳಲು ಮಾವು, ಪೇರಲ, ಹುಣಸೆ ಯಾವುದಾದರೂ ಆದೀತು. ನಮ್ಮ ಮಗು ಸೇಬಿನ ಮರವನ್ನು ಕಂಡೇ ಇಲ್ಲದಿರುವುದರಿಂದ ಅದು ಪಠ್ಯಪುಸ್ತಕದ ಚಿತ್ರವನ್ನು ನೆನಪಿಸಿಕೊಂಡು ಬರೆಯುತ್ತದೆ, ಕಂಡ ಮರವನ್ನಾದರೆ ತನ್ನದೇ ರೀತಿಯಲ್ಲಿ ಬರೆಯುತ್ತದೆ. ಆದರೆ ಅಂಕ ಕೊಟ್ಟು ಪ್ರಕಟಿತ ಮಾನಕದೊಂದಿಗೆ ಹೋಲಿಸುವುದಾದರೆ ಹಣ್ಣನ್ನಾಗಲಿ ಹಾಳೆಯ ಅಳತೆಯನ್ನಾಗಲಿ ಬಣ್ಣಗಳನ್ನಾಗಲಿ ಬದಲಿಸುವಂತಿಲ್ಲ. ಹುಣಸೆ ಹಣ್ಣನ್ನು ಕೋಲಿನಿಂದ ಬಡಿದು ಉದುರಿಸುತ್ತೇವೆಯೇ ಹೊರತು ಕೈಚಾಚಿ ಕೀಳುವುದು ಕಡಿಮೆ, ಹೀಗೆ ಹಣ್ಣು ಬದಲಾದರೆ ಚಿತ್ರದೊಳಗಿನ ಸಮಸ್ಯೆಯೇ ಬದಲಾಗುತ್ತದೆ. ನಮ್ಮ ಮಕ್ಕಳಿಗೆ ಹೊಂದುವ ಮಾನಕ ಬೇಕಾದರೆ ನೂರಾರು ಮಕ್ಕಳ ಚಿತ್ರಗಳನ್ನು ಕಲೆಹಾಕಿ, ಪರಸ್ಪರ ಸಮಾಲೋಚಿಸದ ಇಬ್ಬರು ಪರೀಕ್ಷಕರಿಂದ ಅಂಕ ಹಾಕಿಸಿ, ವಯಸ್ಸಿಗೆ ತಕ್ಕಂತೆ ಕಟ್ಟಬೇಕು. ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯದವರೂ ಈ ಭಾಗದ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗದವರೂ ಕೂಡಿದರೆ ಈ ಕೆಲಸ ಇಲ್ಲಿಯೇ ಆಗಬಹುದು. ಆಗಲಿ ಎಂಬುದು ನನ್ನ ಮನಸಾರೆ ಹಾರೈಕೆ.

ತೊಂದರೆಯಲ್ಲಿರುವ ಮಕ್ಕಳನ್ನು ಚಿತ್ರದಿಂದಲೇ ಗುರುತಿಸುವ ನಿಮ್ಮ ಇಚ್ಛೆಯ ಹಿಂದಿನ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಆ ದಾರಿಯನ್ನು ಬೇಡವೆನ್ನುತ್ತೇನೆ. 1970ರಲ್ಲಿ ಬರ್ನ್ಸ್ ಮತ್ತು ಕಾಫ್‌ಮನ್ ಪ್ರಚುರಪಡಿಸಿದ ಕುಟುಂಬ ಚಿತ್ರದಲ್ಲಿ ಮನೆಯವರೆಲ್ಲ ಏನಾದರೂ ಮಾಡುತ್ತಿರುವಂತೆ ಬರೆಯಲು ಹೇಳುತ್ತಾರೆ. ಅದರಲ್ಲಿ ತಂದೆ ಇಲ್ಲದಿದ್ದರೆ ತಂದೆಯೊಂದಿಗೆ ವೈಮನಸ್ಸು ಎನ್ನುವುದು ಸುಲಭ, ಆದರೆ ತಿಂಗಳುಗಟ್ಟಲೆ ಲಾರಿಯ ಮೇಲಿರುವ ತಂದೆಯನ್ನು ಮಗು ಎಲ್ಲಿ ಬರೆಯಬೇಕು? ಲೈಂಗಿಕ ದೌರ್ಜನ್ಯದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ದೌರ್ಜನ್ಯ ನಡೆದಿದೆ ಅಥವಾ ನಡೆದಿಲ್ಲ ಎಂದು ಖಚಿತವಾಗಿ ಹೇಳಬಲ್ಲ ಗುರುತು ಯಾವ ಚಿತ್ರದಲ್ಲಿಯೂ ಇಲ್ಲ. ಚಿತ್ರ ಬರೆಯುತ್ತಾ ಮಗು ತಾನಾಗಿ ಏನಾದರೂ ಹೇಳಿದರೆ ಅದರ ಮಾತಿಗೆ ಮಾತು ಸೇರಿಸದೆ ಕೇಳಿಸಿಕೊಳ್ಳಿ, ‘ಅವನು ಹೀಗೆ ಮಾಡಿದನಾ’ ಎಂದು ಉತ್ತರವನ್ನು ಬಾಯಿಗೆ ತುರುಕಬೇಡಿ, ಹೇಳಿದ್ದನ್ನು ಅದೇ ಪದಗಳಲ್ಲಿ ಬರೆದಿಡಿ. ಅಂಥ ವಿಷಯ ತಿಳಿದಮೇಲೆ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಇದೆ.

ಶಿಕ್ಷಕರಾಗಿ ನಿಮ್ಮಲ್ಲಿ ಯಾವ ಪರೀಕ್ಷಕನಿಗೂ ಇಲ್ಲದ ಒಂದು ಅನುಕೂಲವಿದೆ. ಒಂದೇ ಮಗುವಿನ ಚಿತ್ರಗಳನ್ನು ನೀವು ವರ್ಷಪೂರ್ತಿ ನೋಡುತ್ತೀರಿ. ಕೋಟೆ, ಏಳು ಸುತ್ತು, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಹಾಳೆ ತುಂಬ ಬರೆಯುತ್ತಿದ್ದ ಹುಡುಗಿ ಎರಡು ತಿಂಗಳಿನಿಂದ ಮೂಲೆಯಲ್ಲಿ ಸಣ್ಣದೇನನ್ನೋ ಗೀಚಿ ಸುಮ್ಮನೆ ಕೂರುತ್ತಿದ್ದರೆ, ಆ ಬದಲಾವಣೆ ಯಾವುದೇ ಅಂಕಪಟ್ಟಿಗಿಂತ ಹೆಚ್ಚು ತೂಕದ್ದು. ಕಲಾ ಚಿಕಿತ್ಸಕರೂ ಚಿಕಿತ್ಸೆಯ ಆರಂಭದ, ನಡುವಿನ, ಕೊನೆಯ ಚಿತ್ರಗಳನ್ನು ಪಕ್ಕದಲ್ಲಿಟ್ಟು ಹೀಗೆಯೇ ಆ ವ್ಯಕ್ತಿಯನ್ನು ಅವನೊಂದಿಗೇ ಹೋಲಿಸುತ್ತಾರೆ. ಬದಲಾವಣೆ ಕಂಡಾಗ ಆ ಹುಡುಗಿಯನ್ನು ಒಬ್ಬಳನ್ನೇ ಮಾತನಾಡಿಸಿ, ಪೋಷಕರೊಂದಿಗೆ ಮಾತನಾಡಿ, ಅಗತ್ಯವಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿಗೆ ಕಳುಹಿಸಿ. ನಿರ್ಣಯ ಅವರ ಕೆಲಸ.

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ, ಮೂರನೇ ಇಯತ್ತೆಯವರೆಗೆ ಓದಿದವರು, ಅಡಿಕೆ ತೋಟ ನೋಡಿಕೊಂಡಿದ್ದಾರೆ. ಮರೆವು ಹೆಚ್ಚಾಗಿದೆ ಎಂದು ತೋರಿಸಿದಾಗ ವೈದ್ಯರು ಗಡಿಯಾರದ ಚಿತ್ರ ಬರೆಯಲು ಹೇಳಿದರು, ಅವರಿಗೆ ಬರೆಯಲಾಗಲಿಲ್ಲ. ಇದರಿಂದ ಡಿಮೆನ್ಷಿಯಾ ಎಂದು ಹೇಳಲು ಬರುತ್ತದೆಯೇ?
— ಸೊಸೆ, ಚನ್ನಗಿರಿ ತಾಲ್ಲೂಕು

ಉತ್ತರ: ಅಷ್ಟರಿಂದಲೇ ಹೇಳಲು ಬರುವುದಿಲ್ಲ. ವೃತ್ತ ಬರೆದು, ಅಂಕಿಗಳನ್ನು ತುಂಬಿ, ಹೇಳಿದ ಸಮಯಕ್ಕೆ ಮುಳ್ಳು ಇಡುವ ಈ ಪರೀಕ್ಷೆಯಿಂದ ಯೋಜನಾಶಕ್ತಿ, ಜಾಗದ ಅಂದಾಜು, ಗಮನ ಎಲ್ಲವೂ ಒಂದೇ ಸಲಕ್ಕೆ ಗೊತ್ತಾಗುತ್ತವೆಯಾದ್ದರಿಂದ ವೈದ್ಯರು ಅದನ್ನು ಬಹಳ ಬಳಸುತ್ತಾರೆ. ಆದರೆ ಪೆನ್ಸಿಲ್ ಹಿಡಿದು ಅಭ್ಯಾಸವಿಲ್ಲದವರು ಮಿದುಳು ಆರೋಗ್ಯವಾಗಿದ್ದರೂ ಇದರಲ್ಲಿ ಎಡವುತ್ತಾರೆ. ಓದು ಕಡಿಮೆಯಿರುವವರಿಗೆ ಹೊಂದುವ ಬೇರೆ ಪರೀಕ್ಷೆಗಳಿವೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷಾ ಗುಚ್ಛ ಕನ್ನಡದಲ್ಲಿಯೂ ಇದೆ. ಮಾವನವರು ತೋಟದ ಲೆಕ್ಕ, ಕೂಲಿಯವರ ಹೆಸರು, ನೀರು ಬಿಡುವ ಸರದಿ ಇವುಗಳಲ್ಲಿ ಒಂದು ವರ್ಷದ ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ ಎಂಬುದನ್ನು ಬರೆದುಕೊಂಡು ಹೋಗಿ ವೈದ್ಯರಿಗೆ ಕೊಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಆ ಪರೀಕ್ಷೆಗಳನ್ನು ಮಾಡಿಸಿ. ಕಣ್ಣಿನ ಪೊರೆಯನ್ನೂ ನೋಡಿಸಿ.

ಪ್ರಶ್ನೆ: ಚಿಕಿತ್ಸೆಯ ವೇಳೆ ನನ್ನ ಮಗಳು ಬರೆದ ಚಿತ್ರಗಳು ಯಾರ ಬಳಿ ಇರಬೇಕು? ಚೆನ್ನಾಗಿವೆ ಎಂದು ನಮ್ಮ ಮನೆಯವರು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದಾರೆ.
— ಹಿರಿಯೂರು

ಉತ್ತರ: ದಯವಿಟ್ಟು ತೆಗೆಸಿ. ಚಿಕಿತ್ಸೆಯಲ್ಲಿ ಮೂಡಿದ ಚಿತ್ರ, ಅಲ್ಲಿ ಆಡಿದ ಮಾತಿನಷ್ಟೇ ಗೋಪ್ಯವಾದದ್ದು. ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡಿಸಿಕೊಳ್ಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೀಡಿದೆ. ಚಿಕಿತ್ಸೆ ಮುಗಿಯುವವರೆಗೆ ಚಿತ್ರಗಳು ಚಿಕಿತ್ಸಕರ ಕಡತದಲ್ಲಿದ್ದರೆ ಹೋಲಿಕೆಗೆ ಅನುಕೂಲ. ಮುಗಿದ ಮೇಲೆ ಅವುಗಳನ್ನು ಇಟ್ಟುಕೊಳ್ಳಬೇಕೇ, ಹರಿದುಹಾಕಬೇಕೇ, ಯಾರಿಗಾದರೂ ತೋರಿಸಬೇಕೇ ಎಂಬುದನ್ನು ನಿಮ್ಮ ಮಗಳನ್ನೇ ಕೇಳಿ, ಅವಳು ಹೇಳಿದಂತೆ ಮಾಡಿ.