ಚಿತ್ರಕಥೆಗೆ ಕೊಟ್ಟ ಎರಡು ಪುಟಗಳ ಬಗ್ಗೆ

ನಮ್ಮ ಕಾಸರಗೋಡಿನ ಮುಳ್ಳೇರಿಯ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು ಬರೆದ ಪತ್ರ ದೀರ್ಘವಾಗಿರುವುದರಿಂದ ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ರಜೆಯಲ್ಲಿ ಮನೆಗೆ ಬಂದ ಅವರ ಮೊಮ್ಮಗ ಬೆಳಗಿನಿಂದ ರಾತ್ರಿಯವರೆಗೆ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದನಂತೆ. ಮೊಬೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಮೇಲೆ ಹುಡುಗ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಎಳೆದು ತೆಗೆದು, ಚಿತ್ರಕಥೆಯ ಪುಟಗಳನ್ನೂ ಪತ್ತೇದಾರಿ ಧಾರಾವಾಹಿಯನ್ನೂ ಮಾತ್ರ ಆರಿಸಿ ಓದಿದನಂತೆ. “ವಿಡಿಯೋ ಗೇಮ್, ಚಿತ್ರಕಥೆ, ಹೊತ್ತು ಕಳೆಯುವ ಕಾದಂಬರಿ, ಈ ಮೂರೂ ಒಂದೇ ಚಟ. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಬೇಕಾದ ಪತ್ರಿಕೆ ಇವುಗಳಿಗಾಗಿ ಪುಟ ಹಾಳು ಮಾಡಬಾರದು, ಅಲ್ಲಿ ವಚನಗಳ ವ್ಯಾಖ್ಯಾನ ಬರಲಿ” ಎಂಬುದು ಅವರ ಒತ್ತಾಯ.

ಮಾಸ್ಟ್ರೇ, ಒಂದೇ ಒಂದು ಅಕ್ಷರವನ್ನೂ ಹೊಡೆದು ಹಾಕದೆ, ದುಂಡಗಿನ ಕೈಬರಹದಲ್ಲಿ ಆರು ಪುಟ ಬರೆದಿದ್ದೀರಿ. ಇಂಥ ಪತ್ರಗಳು ಈಗ ಕಚೇರಿಗೆ ಬರುವುದೇ ಅಪರೂಪ. ಮೊಬೈಲ್ ಕಾಣೆಯಾದ ಬೆಳಿಗ್ಗೆ ಮೊಮ್ಮಗ ಒಂದೊಂದೇ ಕೋಣೆಯನ್ನು ಹೇಗೆ ಶೋಧಿಸಿದ, ಬೀಗದ ಕೈ ಯಾರ ಸೆರಗಿನಲ್ಲಿದೆಯೆಂದು ಹೇಗೆ ಊಹಿಸಿದ ಎಂಬುದನ್ನು ಬಣ್ಣಿಸಿದ ಭಾಗವನ್ನಂತೂ ನಮ್ಮ ಉಪಸಂಪಾದಕರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪತ್ತೇದಾರಿ ಕಾದಂಬರಿಗಳನ್ನು ಒಂದು ಕಾಲದಲ್ಲಿ ಚೆನ್ನಾಗಿ ಓದಿದವರಿಗೆ ಮಾತ್ರ ಹಾಗೆ ಬರೆಯಲು ಸಾಧ್ಯ ಎಂಬುದು ನಮ್ಮಿಬ್ಬರ ಅಭಿಪ್ರಾಯ. ತಾವು ಚಿಕ್ಕಂದಿನಲ್ಲಿ ಏನೇನು ಓದಿದಿರಿ ಎಂಬುದನ್ನು ಮಾತ್ರ ಆರು ಪುಟಗಳಲ್ಲಿ ಎಲ್ಲಿಯೂ ಹೇಳಿಲ್ಲ.

ವಿಡಿಯೋ ಗೇಮಿನ ವಿಷಯದಲ್ಲಿ ತಮ್ಮೊಡನೆ ಜಗಳವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅಂಗೈಯ ಮೇಲೆ ಹೊತ್ತು ಗೊತ್ತಿಲ್ಲದೆ ನಡೆಯುವ ಕಾಳಗ ಮಕ್ಕಳ ನಿದ್ದೆಯನ್ನೂ ಕಣ್ಣನ್ನೂ ಹಾಳುಮಾಡುವುದನ್ನು ನಾನೂ ನೋಡಿದ್ದೇನೆ. ಆದರೆ ಅದೇ ಆರೋಗ್ಯ ಸಂಸ್ಥೆ, ಹಿಡಿತ ತಪ್ಪಿದ ನಡವಳಿಕೆ ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಮುಂದುವರಿದಿದ್ದರೆ ಮಾತ್ರ ಅದನ್ನು ರೋಗವೆನ್ನಬೇಕು ಎಂದೂ ಹೇಳಿದೆ. ಬೇಸಗೆ ರಜೆಯ ಆಟಕ್ಕೆ ಅಷ್ಟು ದೊಡ್ಡ ಹೆಸರು ಬೇಡ. ಒಳ್ಳೆಯ ಆಟಗಳೂ ಇವೆಯೆಂದು ಬಲ್ಲವರು ಹೇಳುತ್ತಾರೆ, ನಂಬುತ್ತೇನೆ. ಈ ಮಾತನ್ನು ಇಲ್ಲಿಗೆ ಬಿಡುತ್ತೇನೆ, ಏಕೆಂದರೆ ನನ್ನ ತಕರಾರು ಇರುವುದು ತಾವು ಮೂರನ್ನೂ ಒಂದೇ ಗೋಣಿಗೆ ತುಂಬಿದ್ದರ ಬಗ್ಗೆ.

ಚಿತ್ರಕಥೆಯ ಮೇಲಿನ ಈ ಆರೋಪ ಹೊಸದೇನಲ್ಲ. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು 1954ರಲ್ಲಿ ಅಮೆರಿಕದಲ್ಲಿ ಒಂದು ಪುಸ್ತಕ ಬರೆದು, ಕಾಮಿಕ್ಸ್ ಓದುವುದರಿಂದಲೇ ಮಕ್ಕಳು ಅಪರಾಧಿಗಳಾಗುತ್ತಾರೆಂದು ವಾದಿಸಿದರು. ಸೆನೆಟ್ ವಿಚಾರಣೆ ನಡೆಯಿತು, ಪ್ರಕಾಶಕರು ಹೆದರಿ ತಮಗೆ ತಾವೇ ಕಟ್ಟುನಿಟ್ಟಿನ ನಿಯಮಾವಳಿ ಹೇರಿಕೊಂಡರು, ಹಲವು ಪತ್ರಿಕೆಗಳು ನಿಂತೇಹೋದವು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 2012ರಲ್ಲಿ, ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ವರ್ಥಮ್ ಅವರ ಮೂಲ ಕಡತಗಳನ್ನು ಪರಿಶೀಲಿಸಿ, ಅವರು ಮಕ್ಕಳ ಹೇಳಿಕೆಗಳನ್ನು ತಮ್ಮ ವಾದಕ್ಕೆ ಬೇಕಾದಂತೆ ತಿದ್ದಿದ್ದರೆಂದು ತೋರಿಸಿಕೊಟ್ಟರು. ಅಷ್ಟರಲ್ಲಿ ಅದೇ ದೇಶದಲ್ಲಿ, ನಾಜಿಗಳ ಸೆರೆಶಿಬಿರದಲ್ಲಿ ಬದುಕುಳಿದ ತಂದೆಯ ಕಥೆಯನ್ನು ಇಲಿಗಳ ರೂಪದಲ್ಲಿ ಚಿತ್ರಿಸಿದ ಒಂದು ಕಾಮಿಕ್ಸಿಗೆ 1992ರಲ್ಲಿ ಪುಲಿಟ್ಜರ್ ಗೌರವ ಸಂದಿತ್ತು. ಕಾದಂಬರಿಯ ಜಾತಕವೂ ಹೀಗೆಯೇ. ಜರ್ಮನ್ ಕವಿ ಗಯಟೆಯ ಒಂದು ಪ್ರೇಮ ಕಾದಂಬರಿ 1774ರಲ್ಲಿ ಬಂದಾಗ ಓದಿದ ಯುವಕರು ಕೆಡುತ್ತಾರೆಂದು ಹೆದರಿದ ಲೈಪ್‌ಜಿಗ್ ನಗರ ಮರುವರ್ಷವೇ ಅದರ ಮಾರಾಟವನ್ನು ನಿಷೇಧಿಸಿತ್ತು. ಇಂದು ಅದನ್ನು ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಾರೆ, ಮಕ್ಕಳು ನಿದ್ದೆಗಣ್ಣಲ್ಲಿ ಕೇಳುತ್ತಾರೆ.

ದೂರದ ಊರುಗಳು ಸಾಕು, ನಮ್ಮ ಕಡೆಗೇ ಬರೋಣ. ಕಾಸರಗೋಡು, ಮಂಗಳೂರು, ಕಾರ್ಕಳ ಎಲ್ಲವೂ ಮದರಾಸು ಪ್ರಾಂತದ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಾಗಿದ್ದ ಕಾಲದಲ್ಲಿ, 1929ರಲ್ಲಿ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರೇ ಮುಂದೆ ಅಮರ ಚಿತ್ರಕಥೆಯನ್ನು ಮನೆಮಾತಾಗಿಸಿದವರು. ಆ ಮಾಲೆಯ ಮೊದಲ ಪುಸ್ತಕಗಳು 1965ರಲ್ಲಿ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದವು ಎಂಬುದು ನಮ್ಮವರಿಗೇ ತಿಳಿದಿಲ್ಲ. ಮುಂದೆ ಇಂಗ್ಲಿಷಿನಲ್ಲಿ ಬಂದ ‘ಕೃಷ್ಣ’ ಸಂಚಿಕೆಗೆ ಹನ್ನೊಂದನೆಯ ಸಂಖ್ಯೆ ಏಕೆ ಬಿತ್ತು ಎಂದು ಕೇಳಿದರೆ, ಅದಕ್ಕೂ ಮೊದಲಿನ ಹತ್ತು ವಿದೇಶಿ ಕಿನ್ನರಕಥೆಗಳ ಹೊತ್ತಗೆಗಳತ್ತ ಬೆರಳು ತೋರಿಸಬೇಕಾಗುತ್ತದೆ. ಚಂದಮಾಮ 1949ರಲ್ಲೇ ಕನ್ನಡಕ್ಕೆ ಬಂದಿತ್ತು. ಆಮೇಲೆ ಬೇತಾಳನ ಇಂದ್ರಜಾಲ ಕಾಮಿಕ್ಸ್ ಬಂತು. ಅದಾದ ಮೇಲೆ ಬಾಲಮಂಗಳ, ಮತ್ತು ಅದರಲ್ಲಿದ್ದ ಡಿಂಗ! ಮಲಯಾಳದ ಡಿಂಕನ್ ಎಂಬ ಆ ಅದ್ಭುತ ಇಲಿಯನ್ನು ಡಿಂಗನನ್ನಾಗಿಸಿ ಕನ್ನಡದ ಮಕ್ಕಳಿಗೆ ಕೊಟ್ಟದ್ದು ಬೆಂಗಳೂರಲ್ಲ, ಕೋಟ್ಟಯಂ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದಲೋ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಈಗ ತಮ್ಮ ಮೊಮ್ಮಗನ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ನಮ್ಮ ಕಡೆಯ ಮಗುವಿಗೆ ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಅಥವಾ ಬ್ಯಾರಿ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಪಂಚಾಯತಿನಲ್ಲಿ ಮಲಯಾಳ. ಕನ್ನಡ ಎದುರಾಗುವುದು ಶಾಲೆಯ ಪಠ್ಯಪುಸ್ತಕದಲ್ಲಿ ಮತ್ತು ಸಮಾರಂಭದ ವೇದಿಕೆಯಲ್ಲಿ. ಪಠ್ಯದ ಕನ್ನಡ ಪ್ರಶ್ನೆ ಕೇಳುತ್ತದೆ, ವೇದಿಕೆಯ ಕನ್ನಡ ಉಪದೇಶ ಮಾಡುತ್ತದೆ. ಯಾರಾದರೂ ಯಾರನ್ನಾದರೂ ಕನ್ನಡದಲ್ಲಿ ಗೇಲಿ ಮಾಡುವುದನ್ನು, ಹೆದರಿ ಓಡುವುದನ್ನು, ಸುಳ್ಳು ಹೇಳಿ ಸಿಕ್ಕಿಬೀಳುವುದನ್ನು ಆ ಮಗು ಎಲ್ಲಿ ನೋಡಬೇಕು? ಚಿತ್ರಕಥೆಯಲ್ಲಿ. ಅಲ್ಲಿ ಪಾತ್ರದ ಬಾಯಿಂದ ಹೊರಟ ಗುಳ್ಳೆಯೊಳಗೆ ಐದಾರು ಪದಗಳ ವಾಕ್ಯವಿರುತ್ತದೆ. ಮಗುವಿಗೆ ಅದರಲ್ಲಿ ಒಂದು ಪದ ಗೊತ್ತಿಲ್ಲದಿದ್ದರೆ ಹೇಳುವವನ ಹುಬ್ಬು, ಎತ್ತಿದ ಕೈ, ಹಿಂದೆ ಅಡಗಿ ನಿಂತ ನರಿ ಸೇರಿ ಅರ್ಥ ಮಾಡಿಸುತ್ತವೆ. ನಿಘಂಟೂ ಬೇಡ, ಅಧ್ಯಾಪಕರೂ ಬೇಡ. ಈ ಕೊನೆಯ ಮಾತಿಗೆ ತಾವು ಮುನಿಸಿಕೊಳ್ಳಬಾರದು. ಹನ್ನೆರಡು ವರ್ಷದ ಹುಡುಗನ ಮುಂದೆ ವಚನ ವ್ಯಾಖ್ಯಾನ ಇಡುವುದೆಂದರೆ ಹಲ್ಲು ಬಾರದ ಮಗುವಿಗೆ ಚಕ್ಕುಲಿ ಕೊಟ್ಟಂತೆ. ಅಷ್ಟಕ್ಕೂ ವಚನಕಾರರು ವ್ಯಾಖ್ಯಾನ ಬೇಕಾಗುವ ಹಾಗೆ ಬರೆದವರೇ ಅಲ್ಲ.

ಹೊತ್ತು ಕಳೆಯುವ ಕಾದಂಬರಿಗಳ ಬಗ್ಗೆ ತಾವು ಬಳಸಿದ ಭಾಷೆ ಇನ್ನೂ ಕಟುವಾಗಿದೆ. ನಾನು ಹುಡುಗನಾಗಿದ್ದಾಗ ನೆರೆಮನೆಯ ಜಗಲಿಯಲ್ಲಿ ಮಧ್ಯಾಹ್ನದ ಊಟದ ಮೇಲೆ ಬೀಡಿ ಕಟ್ಟುವ ಹೆಂಗಸರು ಸೇರುತ್ತಿದ್ದರು. ಮಡಿಲಲ್ಲಿ ತಡ್ಪೆ ಎಂಬ ಮೊರ, ಅದರ ಒಂದು ಮೂಲೆಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಇನ್ನೊಂದು ಮೂಲೆಯಲ್ಲಿ ಹೊಗೆಸೊಪ್ಪಿನ ಹುಡಿ. ಕೈಗೆ ಬಿಡುವಿಲ್ಲ, ಕಿವಿಗೆ ಮಾತ್ರ ಬಿಡುವು. ಓದಲು ಬಲ್ಲವನೆಂದು ನನ್ನನ್ನು ನಡುವೆ ಕೂರಿಸಿ ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಕಥೆ ಅಚ್ಚ ಮೈಸೂರು ಸೀಮೆಯ ಕನ್ನಡದಲ್ಲಿ ಸಾಗುತ್ತಿತ್ತು, ನಾಯಕಿಯ ಗಂಡನ ಮೇಲಿನ ಬೈಗುಳ ತುಳುವಿನಲ್ಲಿ ಬೀಳುತ್ತಿತ್ತು. ‘ಮುಂದಿನ ಸಂಚಿಕೆಯಲ್ಲಿ’ ಎಂಬ ಸಾಲು ಬಂದೊಡನೆ, ಉಳಿದ ಭಾಗವನ್ನು ನಾನೇ ಚಡ್ಡಿಯ ಜೇಬಿನಲ್ಲಿ ಅಡಗಿಸಿದ್ದೇನೋ ಎಂಬಂತೆ ಎಲ್ಲರೂ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ಅವರಲ್ಲೊಬ್ಬಾಕೆಗೆ ಅಕ್ಷರವಷ್ಟೇ ಗೊತ್ತಿತ್ತು, ಓದುವ ರೂಢಿ ತಪ್ಪಿತ್ತು. ನಾನು ನಡುವೆ ಸಾಲುಗಳನ್ನು ಹಾರಿಸುತ್ತೇನೆಂಬ ಗುಮಾನಿಯಿಂದ ಪತ್ರಿಕೆಯನ್ನು ಕಸಿದು ಬೆರಳಿಟ್ಟು ಓದತೊಡಗಿದವಳು, ಆ ಮಳೆಗಾಲ ಮುಗಿಯುವ ಹೊತ್ತಿಗೆ ಧಾರಾವಾಹಿಯನ್ನು ತಾನೇ ಓದಿ ಹೇಳುವಷ್ಟಾದಳು. ನಾನು ಕೆಲಸ ಕಳೆದುಕೊಂಡೆ. ನಮ್ಮ ಪಕ್ಕದ ಕಣ್ಣೂರಿನಲ್ಲಿ 1969ರಲ್ಲಿ ಆರಂಭವಾದ ದಿನೇಶ್ ಬೀಡಿ ಸಹಕಾರಿಯಲ್ಲಿ ಈ ಪದ್ಧತಿ ಇನ್ನೂ ಅಚ್ಚುಕಟ್ಟಾಗಿತ್ತು. ಅಲ್ಲಿ ಒಬ್ಬ ಪತ್ರಿಕೆ, ಕಾದಂಬರಿ ಓದುತ್ತಿದ್ದರೆ ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು.

ಕನ್ನಡದ ಕೆಂಪು ಹಳದಿ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಗಳನ್ನೂ ಬರೆದವರು. ಹೆಚ್ಚು ಶಾಲೆ ಕಲಿಯದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ನೂರಾರು ಕಾದಂಬರಿಗಳನ್ನು ಬರೆದರು. ವಿಮರ್ಶಕರು ಅವರನ್ನು ಕಣ್ಣೆತ್ತಿಯೂ ನೋಡಲಿಲ್ಲ, ಜಟಕಾ ಓಡಿಸುವವರೂ ಹೋಟೆಲ್ ಮಾಣಿಗಳೂ ಪುಸ್ತಕ ಹರಿಯುವವರೆಗೆ ಓದಿದರು. ಗಂಭೀರ ಕಾದಂಬರಿಯೂ ಇಂಥ ಜನಪ್ರಿಯ ಜಾಗಗಳಿಂದಲೇ ಹೊರಬರುತ್ತದೆ. ಕಾಸರಗೋಡಿನಲ್ಲಿ ಹುಟ್ಟಿ, ಮಲಯಾಳವನ್ನು ಮನೆಮಾತಾಗಿ ಆಡುತ್ತಾ, ಕನ್ನಡ ಶಾಲೆಯಲ್ಲಿ ಕಲಿತ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಓದುಗರನ್ನು ತಲುಪಿದ್ದು ಲಂಕೇಶ್ ಪತ್ರಿಕೆಯ ಧಾರಾವಾಹಿಯಾಗಿ. ವಾರ ವಾರ ಕಾಯುವ ಓದುಗರು ಮೊದಲೇ ತಯಾರಾಗಿರದಿದ್ದರೆ ನಮ್ಮ ಹೊಳೆಯ ಹೆಸರು ಹೊತ್ತ ಆ ಕಾದಂಬರಿಗೆ ಅಂಥ ಸ್ವಾಗತ ಸಿಗುತ್ತಿತ್ತೇ ಎಂದು ತಾವೇ ಯೋಚಿಸಿ.

ಇಷ್ಟು ಹೇಳಿದ ಮೇಲೆ ಒಳಗಿನ ಕೋಪವನ್ನೂ ಹೊರಗೆ ಹಾಕಿಬಿಡುತ್ತೇನೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿತು, ವರದಿ ಅಲ್ಲಿಯೇ ಉಳಿಯಿತು. ಅಂದಿನಿಂದ ಪ್ರತಿ ನವೆಂಬರಿನಲ್ಲಿ ಗಡಿ ದಾಟಿ ಭಾಷಣಕಾರರು ಬರುತ್ತಾರೆ. ಅವರ ಕಾರಿನಲ್ಲಿ ಶಾಲು, ಪೇಟ, ಫಲಕಗಳಿಗೆ ಜಾಗವಿರುತ್ತದೆ. ಮಕ್ಕಳು ಮುಗಿಬಿದ್ದು ಓದುವಂಥ ಒಂದು ಕಟ್ಟು ಹೊಸ ಚಿತ್ರಕಥೆ ತಂದವರನ್ನು ನಾನು ಕಂಡಿಲ್ಲ. ಕಾಸರಗೋಡಿನ ಬಸ್ ನಿಲ್ದಾಣದ ಅಂಗಡಿಗೆ ಹೋಗಿ ನೋಡಿ. ಹಗ್ಗಕ್ಕೆ ಕ್ಲಿಪ್ ಹಾಕಿ ನೇತಾಡಿಸಿದ, ಮಲಯಾಳದ ಮಕ್ಕಳ ಪತ್ರಿಕೆ ಬಾಲರಮದ ಹೊಸ ಸಂಚಿಕೆ ಮಗುವಿನ ಕಣ್ಣಿನ ಎತ್ತರಕ್ಕಿರುತ್ತದೆ, ಕನ್ನಡದ ಒಂದೆರಡು ಪತ್ರಿಕೆಗಳು ಗಾಜಿನ ಹಿಂದೆ ಬಿಸ್ಕತ್ತಿನ ಡಬ್ಬಕ್ಕೆ ಒರಗಿರುತ್ತವೆ. ಬಾಲರಮದ ಮೇಲೆ ನನಗೆ ಸಿಟ್ಟಿಲ್ಲ, ಅದರ ಮಾಯಾವಿಯನ್ನು ಕಂಡರೆ ನನಗೂ ಇಷ್ಟವೇ. ಮಲಯಾಳಿಗಳು ತಮ್ಮ ಮಕ್ಕಳಿಗೆ ಹಗುರವಾದುದನ್ನು ಕೊಡಲು ಎಂದೂ ನಾಚಿಕೊಳ್ಳಲಿಲ್ಲ. ನಾಚಿಕೊಂಡವರು ನಾವು.

ಕೇರಳದ ಗ್ರಂಥಶಾಲಾ ಚಳವಳಿಯ ಪುಣ್ಯದಿಂದ ನಮ್ಮಲ್ಲಿ ಹಳ್ಳಿಹಳ್ಳಿಗೂ ವಾಚನಾಲಯವಿದೆ. ಇಂಥದ್ದೊಂದರ ಕನ್ನಡ ಕಪಾಟನ್ನು ಇತ್ತೀಚೆಗೆ ತೆರೆಸಿ ನೋಡಿದೆ. ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು, ಯಾರೋ ದಾನ ಕೊಟ್ಟ ಹಳೆಯ ಬಿ.ಎ. ಪಠ್ಯಗಳು. ಕೆಳಗಿನ ಸಾಲಿನಲ್ಲಿ ರಟ್ಟು ಕಿತ್ತುಹೋದ ತ್ರಿವೇಣಿಯವರ ಒಂದು ಕಾದಂಬರಿಯಿತ್ತು. ಅದರ ಒಳಗೆ ಅಂಟಿಸಿದ ಚೀಟಿಯಲ್ಲಿ ಮಾತ್ರ ದಿನಾಂಕಗಳ ಮುದ್ರೆ ಒಂದರ ಮೇಲೊಂದು ಬಿದ್ದು ಕಪ್ಪಾಗಿತ್ತು. ಮೇಲಿನ ಸಾಲಿನ ಗ್ರಂಥಗಳ ಚೀಟಿಗಳು ಬಿಳಿಯಾಗಿಯೇ ಇದ್ದವು. ಪುಸ್ತಕ ಆರಿಸುವ ಸಮಿತಿಯವರು ಆ ಚೀಟಿಗಳನ್ನು ಒಮ್ಮೆ ತಿರುವಿ ನೋಡಿದ್ದರೂ ಸಾಕಿತ್ತು.

ಆಟದ ವಿಷಯವನ್ನು ಬಿಡುತ್ತೇನೆಂದಿದ್ದೆ, ಈ ಸಂದರ್ಭಕ್ಕೆ ಒಂದು ಮಾತು ಸೇರಿಸಲೇಬೇಕು. ಪೋಲೆಂಡಿನ ಲೇಖಕ ಆಂದ್ಜೆಯ್ ಸಪ್ಕೋವ್‌ಸ್ಕಿ ತಮ್ಮ ಭಾಷೆಯಲ್ಲಿ ಬರೆದ ರಾಕ್ಷಸಬೇಟೆಯ ಕಥೆಗಳನ್ನು ಆ ದೇಶದ್ದೇ ಒಂದು ಕಂಪನಿ 2007ರಲ್ಲಿ ವಿಡಿಯೋ ಗೇಮ್ ಮಾಡಿತು. 2011ರಲ್ಲಿ ಒಬಾಮ ಅಲ್ಲಿಗೆ ಹೋದಾಗ ಪ್ರಧಾನಿ ಡೊನಾಲ್ಡ್ ಟಸ್ಕ್ ಕೊಟ್ಟ ಉಡುಗೊರೆಗಳಲ್ಲಿ ಅದರ ಎರಡನೆಯ ಆವೃತ್ತಿಯೂ ಇತ್ತು. ಆಟ ಆಡಿದವರು ಮೂಲ ಕಾದಂಬರಿಯನ್ನು ಹುಡುಕಿಕೊಂಡು ಹೋದರು. ನಮ್ಮಲ್ಲಿ ಕೋಟಿ ಚೆನ್ನಯರೆಂಬ ವೀರರನ್ನು ಹಾಡುವ ತುಳು ಪಾಡ್ದನವಿದೆ, ಕುಂಬಳೆಯ ಪಾರ್ತಿಸುಬ್ಬನ ಹೆಸರು ಹೊತ್ತ ಯಕ್ಷಗಾನ ಪ್ರಸಂಗಗಳಿವೆ. ಅವುಗಳನ್ನು ಆಟವಾಗಿಸುವ ಎಂಜಿನಿಯರುಗಳೂ ನಮ್ಮ ಊರುಗಳಿಂದಲೇ ಬೆಂಗಳೂರಿಗೆ ಹೋಗಿದ್ದಾರೆ. ತಮ್ಮ ಮೊಮ್ಮಗನ ಮೊಬೈಲಿನಲ್ಲಿ ಗುಂಡಿನ ಸದ್ದಿನ ನಡುವೆ ಒಂದು ಕನ್ನಡ ವಾಕ್ಯವಾದರೂ ಕೇಳಿಸಿದ್ದರೆ ನಾನು ಇಷ್ಟು ಸುಲಭವಾಗಿ ತಮ್ಮ ಪಕ್ಷ ವಹಿಸುತ್ತಿರಲಿಲ್ಲ.

ಆದ್ದರಿಂದ ಚಿತ್ರಕಥೆಯ ಪುಟಗಳು ಮುಂದುವರಿಯುತ್ತವೆ, ಧಾರಾವಾಹಿಯೂ ಮುಂದುವರಿಯುತ್ತದೆ. ವಚನ ವ್ಯಾಖ್ಯಾನವನ್ನು ತಾವೇ ಬರೆದು ಕಳಿಸುವುದಾದರೆ ಸಂಪಾದಕೀಯದ ಜಾಗವನ್ನು ಬೇಕಾದರೂ ಬಿಟ್ಟುಕೊಡುತ್ತೇನೆ, ಆ ಎರಡು ಪುಟಗಳನ್ನು ಕೊಡಲಾರೆ. ಇನ್ನು, ಚಂದಾ ನಿಲ್ಲಿಸುವ ಬೆದರಿಕೆಯನ್ನು ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದೀರಿ. ವ್ಯವಸ್ಥಾಪಕರು ಪುಸ್ತಕ ನೋಡಿ, ತಮ್ಮ ಚಂದಾ ಬರುವ ಮಾರ್ಚ್‌ವರೆಗೆ ಸಂದಿದೆ ಎನ್ನುತ್ತಾರೆ. ಅಲ್ಲಿಯವರೆಗೆ ಪತ್ರಿಕೆ ಬರುತ್ತಲೇ ಇರುತ್ತದೆ. ಆಮೇಲೂ ತಮ್ಮ ಮನಸ್ಸು ಬದಲಾಗದಿದ್ದರೆ ತಿಳಿಸಿ, ವಿಳಾಸದ ಚೀಟಿಯಲ್ಲಿ ಮೊಮ್ಮಗನ ಹೆಸರು ಹಾಕಿ ಕಳಿಸುತ್ತೇವೆ.