ಓದುಗರ ಪ್ರಶ್ನೆ: ಸ್ಕಾಟ್ಲೆಂಡಿನ ಕಥೆಗಾರನಿಗೆ ತುಮಕೂರಿನಲ್ಲೊಂದು ಸಂಕಿರಣ

ಪ್ರಶ್ನೆ: ಸ್ಕಾಟ್ಲೆಂಡಿನ ಲೇಖಕ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅವರ ಬದುಕು ಮತ್ತು ಬರಹ ಕುರಿತು ನಮ್ಮ ಕಾಲೇಜಿನಲ್ಲಿ ಒಂದು ದಿನದ ವಿಚಾರ ಸಂಕಿರಣ ನಡೆಸಬೇಕೆಂದು ನಾವು ಕೆಲವರು ಯೋಚಿಸಿದ್ದೇವೆ. ‘ಪಾದ್ರಿಯಾಗಿದ್ದವರ ಕಿನ್ನರ ಕಥೆಗಳಿಗೆ ತುಮಕೂರಿನಲ್ಲಿ ಸಂಕಿರಣವೇಕೆ, ಅದು ಮತಪ್ರಚಾರವಾಗದೇ?’ ಎಂದು ಸಹೋದ್ಯೋಗಿಗಳೇ ಕೇಳುತ್ತಿದ್ದಾರೆ. ಏನು ಹೇಳಲಿ?
– ಒಬ್ಬ ಉಪನ್ಯಾಸಕಿ, ತುಮಕೂರು

ಉತ್ತರ: ಮತಪ್ರಚಾರದ ಅನುಮಾನಕ್ಕೆ ಆ ಮನುಷ್ಯನ ಬದುಕಿನಲ್ಲೇ ಉತ್ತರವಿದೆ, ಮೊದಲು ಅದನ್ನು ಹೇಳಿ. 1824ರ ಡಿಸೆಂಬರ್ 10ರಂದು ಅಬರ್ಡೀನ್‌ಶೈರಿನ ಹಂಟ್ಲಿ ಎಂಬ ಊರಿನಲ್ಲಿ ಹುಟ್ಟಿದ ಮ್ಯಾಕ್‌ಡೊನಾಲ್ಡ್ ಅಬರ್ಡೀನಿನಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ ಓದಿಕೊಂಡು, 1850ರಲ್ಲಿ ಇಂಗ್ಲೆಂಡಿನ ಅರಂಡೆಲ್ ಎಂಬಲ್ಲಿ ಒಂದು ಚರ್ಚಿನ ಪಾದ್ರಿಯಾದರು. ದೇವರ ಕರುಣೆ ಚರ್ಚಿನ ಬಾಗಿಲಿಗೆ ನಿಲ್ಲುವುದಿಲ್ಲ, ಕ್ರಿಸ್ತನ ಹೆಸರೇ ಕೇಳದ ಜನರಿಗೂ ಅದು ಸಿಕ್ಕೀತು ಎಂಬ ಅರ್ಥದ ಮಾತು ಅವರ ಬೋಧನೆಯಲ್ಲಿ ಬಂದದ್ದು ಆ ಚರ್ಚಿನ ಹಿರಿಯರಿಗೆ ಹಿಡಿಸಲಿಲ್ಲ. ಎದುರಿಗೆ ಬಂದು ಹೊರಡಿ ಎನ್ನುವ ಬದಲು ಅವರು ವರ್ಷಕ್ಕೆ 150 ಪೌಂಡ್ ಇದ್ದ ಸಂಬಳವನ್ನು 115ಕ್ಕೆ ಇಳಿಸಿದರು. ಹೀಗೆ ಸಾಗಹಾಕುವ ಉಪಾಯ ನಮ್ಮ ಸಂಸ್ಥೆಗಳಿಗೂ ಹೊಸದೇನಲ್ಲ. ಮ್ಯಾಕ್‌ಡೊನಾಲ್ಡ್ ಒಡನೆ ಹೊರಡಲಿಲ್ಲ, ಆದರೆ 1853ರಲ್ಲಿ ಕೊನೆಗೂ ರಾಜೀನಾಮೆ ಕೊಟ್ಟರು. ಆಮೇಲೆ ಬರವಣಿಗೆ ಮತ್ತು ಉಪನ್ಯಾಸಗಳೇ ಅವರ ಜೀವನೋಪಾಯ. ಹನ್ನೊಂದು ಮಕ್ಕಳ ಸಂಸಾರ, ಕ್ಷಯದಿಂದ ಸೊರಗಿದ ಶ್ವಾಸಕೋಶ, ಸದಾ ಸಾಲದ ಬೆದರಿಕೆ. 1877ರಲ್ಲಿ ಸರ್ಕಾರದಿಂದ ವರ್ಷಕ್ಕೆ 100 ಪೌಂಡಿನ ಪಿಂಚಣಿ ಬರುವವರೆಗೂ ಮನೆ ನಡೆಸಲು ಸ್ನೇಹಿತರ ನೆರವೂ ಬೇಕಾಗುತ್ತಿತ್ತು. ಪರಮತದವರಿಗೂ ದೇವರ ಮನೆಯಲ್ಲಿ ಜಾಗವಿದೆ ಎಂದು ಹೇಳಿ ಕೆಲಸ ಕಳೆದುಕೊಂಡವರ ಕುರಿತು ನಡೆಯುವ ಸಂಕಿರಣಕ್ಕೆ ಮತಪ್ರಚಾರದ ಹಣೆಪಟ್ಟಿ ಅಂಟುವುದು ಕಷ್ಟ.

ಹಾಗೆಂದು ಅವರ ಕ್ರೈಸ್ತ ಶ್ರದ್ಧೆಯನ್ನು ಮರೆಮಾಡಿ, ‘ಸರ್ವರಿಗೂ ಸಲ್ಲುವ ಮಾನವತಾವಾದಿ’ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಡಿ. ಅದು ಸುಳ್ಳಾಗುತ್ತದೆ. ಶ್ರದ್ಧೆಯನ್ನು ತೆಗೆದರೆ ಆ ಕಥೆಗಳಲ್ಲಿ ಉಳಿಯುವುದು ಬರಿಯ ಚಮತ್ಕಾರ. ಜೈನರಲ್ಲದ ನಾವು ಪಂಪನ ‘ಆದಿಪುರಾಣ’ವನ್ನು ತಲೆಮಾರುಗಳಿಂದ ಪಾಠ ಹೇಳಿಕೊಂಡು ಬಂದಿದ್ದೇವೆ, ನೀಲಾಂಜನೆಯ ನೃತ್ಯದ ಭಾಗಕ್ಕೆ ಬಂದಾಗ ವಿದ್ಯಾರ್ಥಿಯ ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ, ನಿಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ ಅವರನ್ನೇ ನೆನೆಯಿರಿ. ‘ಕರುಣಾಳು ಬಾ ಬೆಳಕೆ’ ಎಂದು ಕನ್ನಡ ಶಾಲೆಗಳಲ್ಲಿ ಮಕ್ಕಳು ಹಾಡುವ ಪ್ರಾರ್ಥನೆ, 1833ರಲ್ಲಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ ಬರೆದ ಪದ್ಯದ ಕನ್ನಡ ರೂಪ. ಅದನ್ನು ಹಾಡಿ ಮತಾಂತರವಾದವರನ್ನು ನಾನಂತೂ ಕಂಡಿಲ್ಲ.

ಇವರೇ ಏಕೆ ಎಂಬ ಪ್ರಶ್ನೆಗೆ ಎರಡು ಸಂಗತಿ ಸಾಕು. ಲೂಯಿಸ್ ಕ್ಯಾರಲ್ ತಮ್ಮ ಆಲಿಸ್ ಕಥೆಯನ್ನು ಅಚ್ಚಿಗೆ ಕೊಡಬೇಕೇ ಬೇಡವೇ ಎಂದು ಅನುಮಾನಿಸುತ್ತಿದ್ದಾಗ ಅದರ ಹಸ್ತಪ್ರತಿಯನ್ನು ಓದಿ ಹೇಳಿದ್ದು ಮ್ಯಾಕ್‌ಡೊನಾಲ್ಡರ ಮಕ್ಕಳಿಗೆ. ಇಂಥದ್ದು ಅರವತ್ತು ಸಾವಿರ ಸಂಪುಟ ಇರಬಾರದೇ ಎಂದವನು ಅವರ ಪುಟ್ಟ ಮಗ ಗ್ರೆವಿಲ್. 1916ರಲ್ಲಿ ಲೆದರ್‌ಹೆಡ್ ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಮ್ಯಾಕ್‌ಡೊನಾಲ್ಡರ ‘ಫ್ಯಾಂಟಸ್ಟೀಸ್’ ಕೊಂಡ ಹದಿನೇಳರ ಹುಡುಗ, ಆಗ ದೇವರನ್ನೇ ನಂಬದಿದ್ದ ಸಿ. ಎಸ್. ಲೂಯಿಸ್. ಮುಂದೆ ನಾರ್ನಿಯಾದ ಏಳು ಕಥೆಗಳನ್ನು ಬರೆದ ಆತ, 1946ರಲ್ಲಿ ಮ್ಯಾಕ್‌ಡೊನಾಲ್ಡರ ಬರಹಗಳಿಂದ ಆಯ್ದ ಸಂಕಲನ ಹೊರತಂದಾಗ ಅವರನ್ನು ತನ್ನ ಗುರುವೆಂದೇ ಕರೆದ.

ಪ್ರಶ್ನೆ: ಇಂಥ ಸಂಕಿರಣಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಪ್ರಬಂಧ ಓದುತ್ತಾರೆ, ಸಭಿಕರು ಊಟದ ನಂತರ ಕಾಣೆಯಾಗುತ್ತಾರೆ. ಬೇರೆ ದಾರಿ ಉಂಟೆ?
– ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಉಂಟು. ಕಥೆಯನ್ನೇ ಓದಿ. ನಾನು ಕೂತ ಒಂದು ಸಂಕಿರಣದಲ್ಲಿ ದೀಪ ಬೆಳಗಿ, ಹಾರ ಹಾಕಿ, ವೇದಿಕೆಯ ಮೇಲಿನವರೆಲ್ಲ ಒಬ್ಬರನ್ನೊಬ್ಬರು ಹೊಗಳುವಷ್ಟರಲ್ಲಿ ಒಂದೂವರೆ ಗಂಟೆ ಕಳೆದು, ಯಾರ ಹೆಸರಿನಲ್ಲಿ ಸೇರಿದ್ದೆವೋ ಆ ಲೇಖಕರ ಒಂದು ವಾಕ್ಯವೂ ಸಂಜೆಯವರೆಗೆ ಕಿವಿಗೆ ಬೀಳಲಿಲ್ಲ.

ಮ್ಯಾಕ್‌ಡೊನಾಲ್ಡರ 1872ರ ಕಥೆ ‘ದಿ ಪ್ರಿನ್ಸೆಸ್ ಅಂಡ್ ದಿ ಗಾಬ್ಲಿನ್’ನಿಂದ ಎರಡು ಪ್ರಸಂಗ ಆರಿಸಿಕೊಳ್ಳಿ. ಅದರಲ್ಲಿ ಐರೀನ್ ಎಂಬ ಎಂಟು ವರ್ಷದ ರಾಜಕುಮಾರಿಗೆ ಮನೆಯ ಮೇಲಟ್ಟದಲ್ಲಿ ನೂಲುತ್ತ ಕೂತ ಅಜ್ಜಿ ಸಿಗುತ್ತಾಳೆ. ಮುತ್ತಜ್ಜಿಗೂ ಹಿಂದಿನ ತಲೆಮಾರಿನವಳು. ಆಕೆ ಕೊಟ್ಟ ನೂಲು ಕಣ್ಣಿಗೆ ಕಾಣುವುದಿಲ್ಲ, ತೋರುಬೆರಳಿಗೆ ಮಾತ್ರ ತಾಗುತ್ತದೆ. ಒಂದು ಬೆಳಗ್ಗೆ ಆ ನೂಲು ಹುಡುಗಿಯನ್ನು ಮನೆಯ ಕಡೆಗಲ್ಲ, ಬೆಟ್ಟದ ಬಿಲಕ್ಕೆ, ಕತ್ತಲಿಗೆ, ಕೊನೆಗೆ ಒಂದು ಕಲ್ಲುಗುಪ್ಪೆಯ ಒಳಕ್ಕೆ ಎಳೆಯುತ್ತದೆ. ಹಿಂದಿರುಗೋಣವೆಂದು ಹಿಮ್ಮುಖವಾಗಿ ಸವರಿದರೆ ಬೆರಳಿಗೆ ಏನೂ ತಾಗುವುದಿಲ್ಲ. ಅತ್ತು ಮುಗಿಸಿ ಅವಳು ಕಲ್ಲುಗಳನ್ನು ಒಂದೊಂದಾಗಿ ತೆಗೆಯತೊಡಗುತ್ತಾಳೆ. ಆ ಗುಪ್ಪೆಯ ಆಚೆ ಸೆರೆಯಾಗಿರುವವನು ಗಣಿ ಕೆಲಸದ ಹುಡುಗ ಕರ್ಡಿ. ಬಿಡುಗಡೆಯಾದ ಮೇಲೆ ಅವನನ್ನು ಅಜ್ಜಿಯ ಬಳಿಗೆ ಕರೆದೊಯ್ದರೆ, ಅವನಿಗೆ ಅಲ್ಲಿ ಕಾಣುವುದು ಮುಗ್ಗಲು ಹುಲ್ಲಿನ ರಾಶಿ, ಬಾಡಿದ ಒಂದು ಸೇಬು, ಸೂರಿನ ತೂತಿನಿಂದ ಇಳಿದ ಬಿಸಿಲಿನ ಕೋಲು. ಇವಳು ತನ್ನನ್ನು ಗೇಲಿ ಮಾಡುತ್ತಿದ್ದಾಳೆಂದು ಅವನು ಸಿಟ್ಟಾಗಿ ಹೊರಟುಹೋಗುತ್ತಾನೆ. ಇಲ್ಲಿಗೆ ನಿಲ್ಲಿಸಿ, ಸಭೆಯಲ್ಲಿರುವ ಮಕ್ಕಳನ್ನು ಮಾತಾಡಿಸಿ. ದೇವರಾಯನದುರ್ಗದ ದಾರಿಯ ನಾಮದ ಚಿಲುಮೆಯಲ್ಲಿ ರಾಮ ಬಾಣ ಹೂಡಿ ನೀರು ತರಿಸಿದ ಕಥೆಯನ್ನು ಕೇಳಿ ಬೆಳೆದ ಮಕ್ಕಳಿಗೆ ಕಾಣದ ನೂಲು ಕಷ್ಟವಾಗುವುದಿಲ್ಲ. ಕಷ್ಟವಾಗುವುದು ಕರ್ಡಿಯ ಬಾಡಿದ ಸೇಬು. ಚರ್ಚೆ ಅದರ ಮೇಲೆಯೇ ನಡೆಯಲಿ. ಪ್ರಬಂಧಗಳು ಎರಡೇ ಇರಲಿ, ಅವು ಊಟಕ್ಕೆ ಮೊದಲೇ ಮುಗಿಯಲಿ.

ಮ್ಯಾಕ್‌ಡೊನಾಲ್ಡರ ಮನೆಯವರೇ ಈ ಮಾದರಿ ಹಾಕಿಕೊಟ್ಟಿದ್ದಾರೆ. ಅಪ್ಪ, ಅಮ್ಮ, ಮಕ್ಕಳು ಸೇರಿ ಬನ್ಯನ್ ಎಂಬ ಇಂಗ್ಲಿಷ್ ಲೇಖಕನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಅನ್ನು ನಾಟಕವಾಗಿ ಊರೂರುಗಳಲ್ಲಿ ಆಡುತ್ತಿದ್ದರು.

ಪ್ರಶ್ನೆ: ಇವು ಮಕ್ಕಳ ಕಥೆಗಳೋ, ದೊಡ್ಡವರವೋ? ಒಳಾರ್ಥ ಹೇಳಿಕೊಡಬೇಕೋ?
– ಬಿ.ಎ. ವಿದ್ಯಾರ್ಥಿ, ಶಿರಾ

ಉತ್ತರ: ತಾನು ಬರೆಯುವುದು ಮಕ್ಕಳಿಗಲ್ಲ, ಐದೋ ಐವತ್ತೋ ಎಪ್ಪತ್ತೈದೋ ವಯಸ್ಸಿನ, ಮಗುವಿನ ಮನಸ್ಸಿನವರಿಗೆ ಎಂದು 1893ರ ಪ್ರಬಂಧವೊಂದರಲ್ಲಿ ಅವರೇ ಹೇಳಿದ್ದಾರೆ. ಕಥೆಯ ಕೆಲಸ ಅರ್ಥವನ್ನು ತಲುಪಿಸುವುದಕ್ಕಿಂತ ಓದುವವನಲ್ಲಿ ಅರ್ಥವನ್ನು ಎಬ್ಬಿಸುವುದು ಎಂಬ ಮಾತೂ ಅಲ್ಲೇ ಇದೆ. ಆದ್ದರಿಂದ ಒಳಾರ್ಥ ಹೇಳಿಕೊಡಬೇಡಿ.

ಪ್ರಶ್ನೆ: ಸಂಕಿರಣಕ್ಕಾಗಿ ಒಂದು ಅಧ್ಯಾಯ ಅನುವಾದಿಸುತ್ತಿದ್ದೇನೆ. ಗಾಬ್ಲಿನ್‌ಗೆ ‘ಪಿಶಾಚಿ’ ಎಂದರೆ ಆದೀತೆ?
– ಗೃಹಿಣಿ, ತುರುವೇಕೆರೆ

ಉತ್ತರ: ಆಗದು. ಪಿಶಾಚಿ ಸತ್ತವರ ಕಥೆ, ಇವರು ಬದುಕಿರುವವರು. ಹಿಂದೊಮ್ಮೆ ನೆಲದ ಮೇಲೆ ಮನುಷ್ಯರಂತೆಯೇ ಇದ್ದು, ರಾಜನ ತೆರಿಗೆಯೋ ಕಟ್ಟಳೆಯೋ ತಾಳಲಾರದೆ ನೆಲದಡಿಗೆ ಹೋಗಿ, ಅಲ್ಲಿಯೇ ವಿಕಾರಗೊಂಡವರು ಎಂದು ಕಥೆ ಹೇಳುತ್ತದೆ. ‘ರಾಕ್ಷಸ’ರೆನ್ನಲು ಗಾತ್ರ ಸಾಲದು, ‘ಯಕ್ಷ’ರೆನ್ನಲು ಅಂದ ಸಾಲದು. ‘ನೆಲಕುಳ್ಳರು’ ಎಂದು ನೋಡಿ. ಕೋಲಾರದ ಚಿನ್ನದ ಗಣಿ ಕಂಡವರಿಗೆ ಆ ಪದ ಕೂಡಲೇ ಹೊಳೆಯುತ್ತದೆ. ಅವರ ತಲೆ ಕಲ್ಲಿನಷ್ಟು ಗಟ್ಟಿ, ಪಾದ ಬಲು ಮೆತ್ತಗೆ, ಪದ್ಯವೆಂದರೆ ಅವರಿಗೆ ಆಗದು. ಕರ್ಡಿ ಅವರನ್ನು ಓಡಿಸುವುದು ಹಾಡು ಕಟ್ಟಿ, ಪಾದ ತುಳಿದು. ಆ ಹಾಡುಗಳನ್ನು ದಯವಿಟ್ಟು ಗದ್ಯಕ್ಕಿಳಿಸಬೇಡಿ, ಭಾಮಿನಿ ಷಟ್ಪದಿಗೂ ಏರಿಸಬೇಡಿ. ಕತ್ತಲಲ್ಲೂ ಹೆದರದ ಹುಡುಗ ನಿಂತಲ್ಲೇ ಕಟ್ಟಿ ಕೂಗುವ ಪ್ರಾಸಗಳವು. ನಿಮ್ಮೂರಿನ ಮಕ್ಕಳು ಕುಂಟೆಬಿಲ್ಲೆ ಆಡುವಾಗ ಹೇಳುವ ಸಾಲುಗಳ ಲಯ ಹಿಡಿದರೆ ಸಾಕು.