ಕೆಡೆಟ್ ಪೈಲಟ್ ಆಪ್ಟಿಟ್ಯೂಡ್ ಟೆಸ್ಟ್‌ನಲ್ಲಿ ಏನಿರುತ್ತದೆ? ಅದಕ್ಕೆ ಕೋಚಿಂಗ್ ಬೇಕಾ?

ನೀವು ಬರೆದದ್ದರಿಂದ ನನಗೆ ಅರ್ಥವಾದದ್ದು ಇಷ್ಟು: ಮಗಳು ಪಿಯುಸಿ ಮುಗಿಸಿ ಏರ್‌ಲೈನ್ ಒಂದು ಹೊಸಬರನ್ನು ಆರಿಸಿ ಪೈಲಟ್ ತರಬೇತಿಗೆ ಕಳಿಸುವ ಕೆಡೆಟ್ ಪೈಲಟ್ ಯೋಜನೆಗೆ ಅರ್ಜಿ ಹಾಕಿದ್ದಾಳೆ, ಹತ್ತನೆಯ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಮುಂದಿನ ತಿಂಗಳು ಆಪ್ಟಿಟ್ಯೂಡ್ ಟೆಸ್ಟ್ ಇದೆ, ಕೋಚಿಂಗ್‌ನವರು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಕೊಡಬೇಡಿ. ಒಂದು ಯುಎಸ್‌ಬಿ ಜಾಯ್‌ಸ್ಟಿಕ್, ದಿನಕ್ಕೆ 40 ನಿಮಿಷದಂತೆ ಮೂರು ವಾರ, ಮನೆಯಲ್ಲಿ ಅಂಕಿ ಓದಿ ಹೇಳುವವರು ಒಬ್ಬರು, ಇಷ್ಟಿದ್ದರೆ ಆಯಿತು.

ಪರೀಕ್ಷೆ ಅಂದ ಕೂಡಲೇ ನಮಗೆ ಸಿಇಟಿ, ನೀಟ್ ನೆನಪಾಗುತ್ತವೆ. ಇದು ಆ ಜಾತಿಯದ್ದಲ್ಲ. ಕೇಳುವ ಲೆಕ್ಕ ಹೈಸ್ಕೂಲಿನದು, ಜಾಯ್‌ಸ್ಟಿಕ್ ಕೆಲಸ ಮಕ್ಕಳ ವಿಡಿಯೋ ಗೇಮ್‌ಗಿಂತ ಸರಳ, ನೆನಪಿಡಬೇಕಾದದ್ದು ಐದಾರು ಅಂಕಿ. ಬಿಡಿಬಿಡಿಯಾಗಿ ಕೊಟ್ಟರೆ ಹೆಚ್ಚಿನವರು ಪಾಸು. ಮೂರನ್ನೂ ಒಟ್ಟಿಗೆ ಕೊಟ್ಟಾಗ ತಲೆಯಲ್ಲಿ ಎಷ್ಟು ಜಾಗ ಖಾಲಿ ಉಳಿಯುತ್ತದೆ ಅನ್ನುವುದನ್ನೇ ಇಲ್ಲಿ ಅಳೆಯುವುದು. ಎಂಟು ಜನರ ಸವಾಲನ್ನು ಒಬ್ಬರೇ ಒಟ್ಟಿಗೆ ನಿಭಾಯಿಸುತ್ತಾ ಪದ್ಯ ಕಟ್ಟುವ ಅಷ್ಟಾವಧಾನ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಒಬ್ಬರು ಅಕ್ಷರಗಳನ್ನು ನಿಷೇಧಿಸುತ್ತಾ ಹೋಗುವ ನಿಷೇಧಾಕ್ಷರಿ ಒಡ್ಡುತ್ತಾರೆ, ಇನ್ನೊಬ್ಬರು ಕೊಟ್ಟ ಸಾಲಿಗೆ ಪದ್ಯ ತುಂಬಿಸುವ ಸಮಸ್ಯಾಪೂರಣ, ನಡುನಡುವೆ ಗಂಟೆ ಹೊಡೆಯುತ್ತಾರೆ, ಅದನ್ನು ಎಣಿಸಬೇಕು, ಅಪ್ರಸ್ತುತ ಪ್ರಸಂಗದವರು ಬೇರೆ ಕಿಚಾಯಿಸುತ್ತಿರುತ್ತಾರೆ. ಛಂದಸ್ಸು ನಾಲಿಗೆ ತುದಿಯಲ್ಲೇ ಇರುವುದರಿಂದ ಅವಧಾನಿಗೆ ಗಂಟೆ ಎಣಿಸುವಷ್ಟು ಬಿಡುವು ಸಿಗುತ್ತದೆ. ವಿಮಾನ ಇಳಿಸುವಾಗಲೂ ಕೈ ಹಾರಿಸುತ್ತಿರುತ್ತದೆ, ಕಿವಿ ಎಟಿಸಿ, ಅಂದರೆ ನೆಲದಲ್ಲಿರುವ ವಿಮಾನ ಸಂಚಾರ ನಿಯಂತ್ರಕರು, ಹೇಳಿದ ಎತ್ತರವನ್ನು ಹಿಡಿಯುತ್ತಿರುತ್ತದೆ, ಕಣ್ಣು ವೇಗದ ಮೇಲಿರುತ್ತದೆ. ಹಾಗಾಗಿ ತಯಾರಿ ಅಂದರೆ ಸಣ್ಣ ಕೆಲಸಗಳನ್ನು ಯೋಚಿಸದೆ ಮಾಡುವಷ್ಟು ರೂಢಿ ಮಾಡಿಕೊಳ್ಳುವುದು.

ಟೆಸ್ಟ್‌ಗಳ ಹೆಸರು ಬೇರೆ ಬೇರೆ. ಬ್ರಿಟನ್ನಿನ ಸಿಂಬಯಾಟಿಕ್ಸ್ ಕಂಪನಿಯದು ಅಡಾಪ್ಟ್, ನೆದರ್ಲೆಂಡ್ಸ್‌ನ ಇಪಿಎಸ್‌ಟಿಯದು ಕಂಪಾಸ್, ಏಯಾನ್ ಕಂಪನಿ ಕೊಂಡುಕೊಂಡ ಕಟ್-ಇ ಇನ್ನೊಂದು. ಲುಫ್ತಾನ್ಸಾ ಗುಂಪಿನ ಅಭ್ಯರ್ಥಿಗಳನ್ನು ಹ್ಯಾಂಬರ್ಗ್‌ನಲ್ಲಿ ಜರ್ಮನಿಯ ಏರೋಸ್ಪೇಸ್ ಕೇಂದ್ರವಾದ ಡಿಎಲ್‌ಆರ್ ಪರೀಕ್ಷಿಸುತ್ತಾ ಬಂದಿದೆ. ಏರ್‌ಲೈನ್‌ನಿಂದ ಬಂದ ಇಮೇಲ್‌ನಲ್ಲಿ ಟೆಸ್ಟ್‌ನ ಹೆಸರು ಇದ್ದರೆ ಆ ಕಂಪನಿಯ ಅಧಿಕೃತ ಮಾದರಿ ಪ್ರಶ್ನೆಗಳಿವೆಯಾ ನೋಡಿ. ಹೆಸರು ಯಾವುದಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ಮನೋಲೆಕ್ಕ, ಅಲ್ಪಾವಧಿ ನೆನಪು, ದಿಕ್ಕಿನ ಅರಿವು, ಕೈ-ಕಾಲು-ಕಣ್ಣಿನ ಹೊಂದಾಣಿಕೆ, ಎಲ್ಲವನ್ನೂ ಕಲಸಿದ ಮಲ್ಟಿಟಾಸ್ಕಿಂಗ್, ಕೊನೆಗೆ ಸ್ವಭಾವದ ಪ್ರಶ್ನಾವಳಿ. ನಮ್ಮ ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ನಡೆಯುವ ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಪೈಲಟ್ ಆಯ್ಕೆ ಪರೀಕ್ಷೆ ಕೂಡ ಇದೇ ವಂಶದ್ದು, ಅದನ್ನು ರೂಪಿಸುವುದರಲ್ಲಿ ಬೆಂಗಳೂರಿನ ಎಡಿಇ ಎಂಬ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ಕೈಯೂ ಇದೆ. ಒಂದೇ ದೊಡ್ಡ ವ್ಯತ್ಯಾಸ, ಅದಕ್ಕೆ ಜೀವಮಾನದಲ್ಲಿ ಒಂದೇ ಅವಕಾಶ. ಏರ್‌ಲೈನ್‌ಗಳಲ್ಲಿ ಸಾಮಾನ್ಯವಾಗಿ ಕೆಲವು ತಿಂಗಳು ಬಿಟ್ಟು ಮತ್ತೆ ಬರೆಯಬಹುದು. ಆದರೆ ಎಲ್ಲ ಕಡೆ ಹಾಗಲ್ಲ, ಅರ್ಜಿಯ ನಿಯಮ ಓದಿಕೊಳ್ಳಿ.

ಮನೋಲೆಕ್ಕದಿಂದ ಶುರು ಮಾಡಲಿ. ಪೇಪರ್, ಪೆನ್ನು, ಕ್ಯಾಲ್ಕುಲೇಟರ್ ಇಲ್ಲದೆ ಬಾಯಲ್ಲೇ. ಮುಖ್ಯ ಗುಟ್ಟು, ಗಂಟೆಯ ಲೆಕ್ಕವನ್ನು ಮೊದಲು ನಿಮಿಷಕ್ಕೆ ಇಳಿಸಿಕೊಳ್ಳುವುದು. ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಹಾಗಾಗಿ 210 ನಾಟ್ ವೇಗ ಅಂದರೆ ನಿಮಿಷಕ್ಕೆ ಮೂರೂವರೆ ನಾಟಿಕಲ್ ಮೈಲಿ, 14 ನಿಮಿಷಕ್ಕೆ 49. ಗಂಟೆಗೆ 2,400 ಕೆಜಿ ಇಂಧನ ಅಂದರೆ ನಿಮಿಷಕ್ಕೆ 40, 25 ನಿಮಿಷಕ್ಕೆ 1,000. ದಿಕ್ಕನ್ನು ಡಿಗ್ರಿಯಲ್ಲಿ ಕೊಟ್ಟು ಅದರ ಎದುರು ದಿಕ್ಕು ಕೇಳಿದಾಗ 180 ಕೂಡಿಸಲು ಹೋಗಿ ಎಡವುವವರೇ ಜಾಸ್ತಿ. 200 ಕೂಡಿಸಿ 20 ಕಳೆಯಿರಿ, 180ಕ್ಕಿಂತ ದೊಡ್ಡ ಸಂಖ್ಯೆಯಾದರೆ 200 ಕಳೆದು 20 ಕೂಡಿಸಿ: 073ಕ್ಕೆ 253, 247ಕ್ಕೆ 067. ಪೈಲಟ್‌ಗಳು ನಿತ್ಯ ಬಳಸುವ ಎರಡು ಸೂತ್ರಗಳೂ ಅಭ್ಯಾಸಕ್ಕೆ ಚೆನ್ನ. ಎತ್ತರವನ್ನು ಸಾವಿರ ಅಡಿಗಳಲ್ಲಿ ತೆಗೆದುಕೊಂಡು ಮೂರರಿಂದ ಗುಣಿಸಿದರೆ ಎಷ್ಟು ಮೈಲಿ ಮೊದಲೇ ಇಳಿಯಲು ಶುರು ಮಾಡಬೇಕೆಂದು ಸಿಗುತ್ತದೆ, 30,000 ಅಡಿಗೆ 90. ವೇಗವನ್ನು ಐದರಿಂದ ಗುಣಿಸಿದರೆ ಮೂರು ಡಿಗ್ರಿ ಇಳಿಜಾರಿನಲ್ಲಿ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂದು ತಿಳಿಯುತ್ತದೆ, 140 ನಾಟ್‌ಗೆ 700.

ಕನ್ನಡ ಮಾಧ್ಯಮದ ವಿಷಯ ಇಲ್ಲೇ ಬರುವುದು. ಹೆಡ್‌ಫೋನ್‌ನಲ್ಲಿ ಅಂಕಿಗಳು ಒಂದೊಂದಾಗಿ ಇಂಗ್ಲಿಷ್‌ನಲ್ಲಿ ಬೀಳುತ್ತವೆ: ತ್ರೀ, ಸೆವೆನ್, ನೈನ್. ಅದನ್ನು ಒಳಗೊಳಗೇ ಮುನ್ನೂರ ಎಪ್ಪತ್ತೊಂಬತ್ತು ಅಂತ ಕಟ್ಟಿಕೊಳ್ಳುವ ಅಭ್ಯಾಸ ಇದ್ದರೆ ಪ್ರತಿ ಸಲ ಅನುವಾದಕ್ಕೊಂದು ಕ್ಷಣ ಹೋಗುತ್ತದೆ, ಅಷ್ಟರಲ್ಲಿ ಮುಂದಿನ ಅಂಕಿ ಬಂದಿರುತ್ತದೆ. ನೀವು ದಿನಾ ಹತ್ತು ನಿಮಿಷ ಅಂಕಿ ಓದಿ, ಸೆಕೆಂಡಿಗೆ ಒಂದರಂತೆ. ಅವಳು ಕೇಳಿದ ಹಾಗೇ ಬಿಡಿ ಅಂಕಿಗಳಾಗಿ ಮತ್ತೆ ಹೇಳಲಿ, ನಾಲ್ಕರಿಂದ ಶುರು ಮಾಡಿ ಏಳರವರೆಗೆ. ಆಮೇಲೆ ನಿಲ್ಲಿಸದೆ ಓದುತ್ತಾ ಹೋಗಿ, ಎರಡು ಅಂಕಿ ಹಿಂದೆ ಬಂದದ್ದೇ ಮತ್ತೆ ಬಂದರೆ ಅವಳು ಮೇಜು ತಟ್ಟಬೇಕು: ಸೆವೆನ್, ಟೂ, ಸೆವೆನ್ ಅಂದಾಗ ತಟ್ಟುವುದು. ಆದರೆ ಮಗ್ಗಿ ಮಾತ್ರ ಕನ್ನಡದಲ್ಲೇ ಇರಲಿ. ಏಳೆಂಟ್ಲ ಐವತ್ತಾರು ಅಂತ ಬಾಯಿಗೆ ಬಂದಿರುವುದನ್ನು ಈಗ ಇಂಗ್ಲಿಷ್‌ಗೆ ಬದಲಾಯಿಸಲು ಹೋದರೆ ಎರಡೂ ಕೆಡುತ್ತದೆ. ಕೇಳುವುದು ಇಂಗ್ಲಿಷ್, ಗುಣಿಸುವುದು ಕನ್ನಡ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ದಿಕ್ಕಿನ ಪ್ರಶ್ನೆಗಳಲ್ಲಿ ಆರ್ಟಿಫಿಷಿಯಲ್ ಹೊರೈಜನ್ ಎಂಬ ಉಪಕರಣದ ಚಿತ್ರ ಕೊಟ್ಟು ವಿಮಾನ ಯಾವ ಕಡೆ ವಾಲಿದೆ ಅಂತ ಕೇಳುತ್ತಾರೆ. ಅದರ ನಡುವಿನ ಗೆರೆಯ ಎಡ ತುದಿ ಕೆಳಗಿದ್ದರೆ ವಿಮಾನ ಬಲಕ್ಕೆ ವಾಲಿದೆ. ಹೊಸಬರು ಉಲ್ಟಾ ಹೇಳುತ್ತಾರೆ, ಯಾಕೆಂದರೆ ಕಣ್ಣು ಆ ಗೆರೆಯನ್ನೇ ರೆಕ್ಕೆ ಅಂದುಕೊಳ್ಳುತ್ತದೆ. ಅದು ಹೊರಗಿನ ದಿಗಂತ, ಸ್ಥಿರವಾಗಿರುವುದು ಅದೇ, ವಾಲಿರುವುದು ನೀವು. ಕುತ್ತಿಗೆಯನ್ನು ಬಲಕ್ಕೆ ಓರೆ ಮಾಡಿ ಎದುರಿನ ಕಿಟಕಿಯ ಚೌಕಟ್ಟು ನೋಡಿದರೆ ಅರ್ಥವಾಗುತ್ತದೆ. ರೇಡಿಯೋ ನಿಲ್ದಾಣದ ದಿಕ್ಕು ತೋರಿಸುವ ಆರ್‌ಎಂಐ ಎಂಬ ಉಪಕರಣದ ಮುಳ್ಳಿನದೂ ಇದೇ ಕಥೆ. ಮುಳ್ಳಿನ ತಲೆ ಯಾವಾಗಲೂ ನಿಲ್ದಾಣದ ಕಡೆ ತೋರಿಸುತ್ತದೆ. ತಲೆ 360 ಎಂಬ ಗುರುತಿನ ಮೇಲಿದ್ದರೆ ನಿಲ್ದಾಣ ಉತ್ತರಕ್ಕಿದೆ, ಅಂದರೆ ವಿಮಾನ ಇರುವುದು ಆ ನಿಲ್ದಾಣದ ದಕ್ಷಿಣಕ್ಕೆ. ವಿಮಾನದ ಮೂತಿ ಯಾವ ಕಡೆ ಇದೆ ಅನ್ನುವುದು ಈ ಪ್ರಶ್ನೆಗೆ ಬೇಕಾಗಿಲ್ಲ, ದಾರಿ ತಪ್ಪಿಸಲೆಂದೇ ಅದನ್ನೂ ತೋರಿಸಿರುತ್ತಾರೆ.

ಹೆಚ್ಚು ಜನ ಅಂಕ ಕಳೆದುಕೊಳ್ಳುವುದು ಜಾಯ್‌ಸ್ಟಿಕ್‌ನಲ್ಲಿ. ಪರದೆಯ ಮೇಲೆ ಒಂದು ಚುಕ್ಕೆ ಅಲೆದಾಡುತ್ತಿರುತ್ತದೆ, ಅದನ್ನು ನಡುವಿನ ಚೌಕದಲ್ಲಿ ಹಿಡಿದಿಡಬೇಕು. ಮೌಸ್‌ನಲ್ಲಿ ಕೈ ಸರಿದಷ್ಟು ಬಾಣ ಸರಿಯುತ್ತದೆ. ಇಲ್ಲಿ ಸಾಮಾನ್ಯವಾಗಿ ಹಾಗಲ್ಲ, ಕಡ್ಡಿ ಎಷ್ಟು ವಾಲಿದೆಯೋ ಅಷ್ಟು ವೇಗದಲ್ಲಿ ಚುಕ್ಕೆ ಓಡುತ್ತದೆ. ಚುಕ್ಕೆ ಚೌಕಕ್ಕೆ ಬರುವವರೆಗೂ ಕಡ್ಡಿ ಒತ್ತಿಹಿಡಿದರೆ ಅದು ಆಚೆ ದಾಟಿ ಹೋಗುತ್ತದೆ, ಗಾಬರಿಯಲ್ಲಿ ಎದುರು ಕಡೆ ಜೋರಾಗಿ ಎಳೆಯುತ್ತೀರಿ, ಮತ್ತೆ ಈಚೆ ದಾಟುತ್ತದೆ. ಈ ತೂಗಾಟ ಒಮ್ಮೆ ಶುರುವಾದರೆ ನಿಲ್ಲುವುದು ಕಷ್ಟ. ಉಪಾಯ: ಸ್ವಲ್ಪ ಒತ್ತಿ, ಚುಕ್ಕೆ ಅರ್ಧ ದಾರಿಗೆ ಬಂದಾಗಲೇ ಕಡ್ಡಿಯನ್ನು ನಡುವಿಗೆ ಬಿಡಿ, ಏನಾಯಿತೆಂದು ನೋಡಿ, ಮತ್ತೆ ಸ್ವಲ್ಪ. ತೂಗಾಟಕ್ಕೆ ಸಿಕ್ಕಿಬಿದ್ದರೆ ಒಂದು ಕ್ಷಣ ಕೈ ಸಡಿಲ ಬಿಡುವುದೇ ಮದ್ದು. ಮುಷ್ಟಿ ಕಟ್ಟಿ ಹಿಡಿಯಬಾರದು, ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿದು ಮೊಣಕೈಯನ್ನು ಮೇಜಿಗೋ ತೊಡೆಗೋ ಆನಿಸಬೇಕು.

ಕಡ್ಡಿ ಹಿಂದಕ್ಕೆ ಎಳೆದರೆ ಮೂತಿ ಮೇಲೆ, ಮುಂದಕ್ಕೆ ತಳ್ಳಿದರೆ ಕೆಳಗೆ. ಗೇಮ್ ಆಡಿದವರಿಗೆ ಮೇಲೆ ಅಂದರೆ ಮುಂದೆ ಅಂತ ರೂಢಿಯಾಗಿರುತ್ತದೆ, ಅದನ್ನು ಮೊದಲ ವಾರದಲ್ಲೇ ಅಳಿಸಬೇಕು. ಕಾಲಿನ ಪೆಡಲ್ ಇದ್ದರೆ ಎಡಗಾಲು ತಳ್ಳಿದರೆ ಮೂತಿ ಎಡಕ್ಕೆ. ಸೈಕಲ್ ಹ್ಯಾಂಡಲ್‌ನ ಎಡ ತುದಿ ತಳ್ಳಿದರೆ ಚಕ್ರ ಬಲಕ್ಕೆ ತಿರುಗುತ್ತದಲ್ಲ, ಇದು ಅದಕ್ಕೆ ತದ್ವಿರುದ್ಧ. ಅದಕ್ಕೇ ಮೊದಲ ಸಲ ಎಲ್ಲರ ಕಾಲೂ ತಪ್ಪುತ್ತದೆ. ಪೆಡಲ್ ಕೊಳ್ಳಬೇಕಾಗಿಲ್ಲ, ಹಿಡಿ ತಿರುಚಬಹುದಾದ ಜಾಯ್‌ಸ್ಟಿಕ್ ತಂದರೆ ಪೆಡಲ್ ಮಾಡುವ ಎಡ-ಬಲ ತಿರುವಿನ ಅಭ್ಯಾಸವೂ ಆಗುತ್ತದೆ. ಎಡಗೈಯವಳಾದರೆ ಟೆಸ್ಟ್ ಕೇಂದ್ರದಲ್ಲಿ ಕಡ್ಡಿ ಯಾವ ಕಡೆ ಇರುತ್ತದೆಂದು ಮೊದಲೇ ಕೇಳಿ.

ಕಡ್ಡಿ ಹಿಡಿತಕ್ಕೆ ಬಂದ ಮೇಲೆ, ಅಂದರೆ ಎರಡನೆಯ ವಾರದಿಂದ, ಎಲ್ಲವನ್ನೂ ಸೇರಿಸಿ. ಯಾವುದಾದರೂ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಒಂದೇ ಎತ್ತರ, ಒಂದೇ ದಿಕ್ಕು ಹಿಡಿದು ಹಾರಿಸುತ್ತಿರಲಿ, ನೀವು ಪಕ್ಕದಲ್ಲಿ ಕೂತು ಅಂಕಿ ಓದಿ. ಸಮಸಂಖ್ಯೆಗೆ ಸರಿ ಅನ್ನಬೇಕು, ಬೆಸಕ್ಕೆ ಬೆಸ. ಐದು ನಿಮಿಷಕ್ಕೊಮ್ಮೆ ಒಂದು ಇಂಧನದ ಲೆಕ್ಕ ಎಸೆಯಿರಿ. ಲೆಕ್ಕ ಮಾಡುವಾಗ ಕಣ್ಣು ಮೇಲಕ್ಕೆ ಹೋಗಿ ವಿಮಾನ ನೂರು ಅಡಿ ಜಾರಿರುತ್ತದೆ, ನೋಡುತ್ತಿರಿ. ಆಗ ಅವಳು ಕಲಿಯಬೇಕಾದದ್ದು ಕೆಲಸಗಳನ್ನು ಸುತ್ತು ಹಾಕುವುದು: ಎತ್ತರ ನೋಡು, ಲೆಕ್ಕದ ಒಂದು ಹೆಜ್ಜೆ, ಮತ್ತೆ ಎತ್ತರ, ಇನ್ನೊಂದು ಹೆಜ್ಜೆ. ಟೆಸ್ಟ್‌ನಲ್ಲಿ ಎತ್ತರದ ಬದಲು ಚುಕ್ಕೆ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಹುಷಾರಿ ಮಕ್ಕಳೇ ಇಲ್ಲಿ ಬೀಳುವುದು. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದು ಚುಕ್ಕೆಯನ್ನು ಕೈಬಿಟ್ಟರೆ, ಎಲ್ಲವನ್ನೂ ಸಾಧಾರಣವಾಗಿ ನಿಭಾಯಿಸಿದವರಿಗಿಂತ ಹಿಂದೆ ಬೀಳುವ ಸಾಧ್ಯತೆಯೇ ಹೆಚ್ಚು.

ಅಂಕ ಹೇಗೆ ಬರುತ್ತದೆಂದರೆ, ನಿಮ್ಮ ಫಲಿತಾಂಶವನ್ನು ಹಿಂದೆ ಬರೆದ ಬಹಳ ಜನರ ಜೊತೆ ಹೋಲಿಸುತ್ತಾರೆ. ಹಲವು ಕಡೆ ಸ್ಟೆನೈನ್ ಎಂಬ 1ರಿಂದ 9ರ ಅಳತೆ ಇದೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ವಾಯುದಳ ಪೈಲಟ್‌ಗಳನ್ನು ಆರಿಸಲು ಬಳಕೆಗೆ ತಂದದ್ದು. ನಡುವಿನ 5ರಲ್ಲಿ ಶೇ. 20ರಷ್ಟು ಜನ ಇರುತ್ತಾರೆ, 9ರಲ್ಲಿ ಶೇ. 4 ಮಾತ್ರ. ಒಂದು ವಿಭಾಗದಲ್ಲಿ 9 ಬಂದು ಇನ್ನೊಂದರಲ್ಲಿ 2 ಬಂದವರನ್ನು ಏರ್‌ಲೈನ್ ಇಷ್ಟಪಡುವುದಿಲ್ಲ. ಅಭ್ಯಾಸದಿಂದ ಸಿಗುವ ಏರಿಕೆಯ ಹೆಚ್ಚು ಪಾಲು ಮೊದಲ ಕೆಲವು ದಿನಗಳಲ್ಲೇ ಸಿಗುತ್ತದೆ, ಆಮೇಲೆ ಗೆರೆ ಮಟ್ಟಸವಾಗುತ್ತದೆ. ಕೋಚಿಂಗ್ ಬೇಡ ಅಂದದ್ದು ಇದಕ್ಕೇ.

ಇನ್ನೊಂದು ವಿಷಯ ಅವಳಿಗೆ ಮೊದಲೇ ಹೇಳಿಡಿ. ಕೆಲವು ಟೆಸ್ಟ್‌ಗಳಲ್ಲಿ ಸರಿ ಉತ್ತರ ಕೊಟ್ಟಷ್ಟೂ ಮುಂದಿನದು ಕಠಿಣವಾಗುತ್ತದೆ. ಚೆನ್ನಾಗಿ ಮಾಡುತ್ತಿರುವವರಿಗೇ ಮುಳುಗುತ್ತಿದ್ದೇನೆ ಅನ್ನಿಸುತ್ತದೆ. ಅಲ್ಲಿ ಕೈಚೆಲ್ಲಿದರೆ ಹೋಯಿತು. ಅಂಕಕ್ಕೆ ಸೇರದ ಅಭ್ಯಾಸದ ಸುತ್ತು ಕೊಟ್ಟಾಗ ಕಡ್ಡಿ ಎಷ್ಟು ಸೂಕ್ಷ್ಮ, ಯಾವ ದಿಕ್ಕು ಉಲ್ಟಾ ಅಂತ ಬೇಕೆಂದೇ ತಪ್ಪು ಮಾಡಿ ನೋಡಿಕೊಳ್ಳಲಿ.

ಸ್ವಭಾವದ ಪ್ರಶ್ನಾವಳಿಗೆ ತಯಾರಿ ಮಾಡುವುದೇ ತಪ್ಪು. ಒಂದೇ ವಿಷಯವನ್ನು ನಲವತ್ತು ಪ್ರಶ್ನೆ ಬಿಟ್ಟು ಬೇರೆ ಮಾತಿನಲ್ಲಿ ಮತ್ತೆ ಕೇಳುತ್ತಾರೆ. ನಾನು ಜೀವನದಲ್ಲಿ ಸುಳ್ಳೇ ಹೇಳಿಲ್ಲ, ನನಗೆ ಕೋಪವೇ ಬರುವುದಿಲ್ಲ ಅಂತ ಗುರುತು ಹಾಕುವವರನ್ನು ಹಿಡಿಯಲೆಂದೇ ಕೆಲವು ಪ್ರಶ್ನೆಗಳಿರುತ್ತವೆ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಸಹ ಪೈಲಟ್ ಬೇಕೆಂದೇ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿ 150 ಜನ ಸತ್ತ ಮೇಲೆ, ಪೈಲಟ್‌ಗಳನ್ನು ಕೆಲಸಕ್ಕೆ ಇಳಿಸುವ ಮುಂಚೆ ಮನೋವೈಜ್ಞಾನಿಕ ಮೌಲ್ಯಮಾಪನ ಮಾಡುವುದು ಯುರೋಪಿನಲ್ಲಿ 2021ರ ಫೆಬ್ರವರಿಯಿಂದ ಕಡ್ಡಾಯವಾಗಿದೆ. ಗುಂಪು ಚಟುವಟಿಕೆ ಇದ್ದರೆ ಹೆಚ್ಚು ಮಾತಾಡಿದವರಿಗೆ ಹೆಚ್ಚು ಅಂಕ ಅನ್ನುವುದು ಸುಳ್ಳು. ಗಡಿಯಾರ ನೋಡಿದ್ದು ಯಾರು, ಸುಮ್ಮನಿದ್ದವರನ್ನು ಮಾತಿಗೆ ಎಳೆದದ್ದು ಯಾರು, ತನ್ನ ಮಾತು ತಪ್ಪೆಂದು ಗೊತ್ತಾದಾಗ ಬಿಟ್ಟುಕೊಟ್ಟದ್ದು ಯಾರು ಅಂತ ನೋಡುತ್ತಾರೆ.

ಟೆಸ್ಟ್ ಮನೆಯಿಂದಲೇ ಆದರೆ ಟಚ್‌ಪ್ಯಾಡ್ ಬೇಡ, ವೈರ್ ಇರುವ ಮೌಸ್ ಇರಲಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಲ್ಯಾಪ್‌ಟಾಪ್ ಚಾರ್ಜ್ ತುಂಬಿದ್ದರೂ ರೌಟರ್‌ಗೆ ಯುಪಿಎಸ್ ಬೇಕು. ಕೊನೆಯ ಎರಡು ದಿನ ಅಭ್ಯಾಸ ನಿಲ್ಲಿಸಿ ನಿದ್ದೆ ಮಾಡಲಿ. ದಿನಾ ಕಾಫಿ ಕುಡಿಯುವವಳಾದರೆ ಅವತ್ತೂ ಕುಡಿಯಲಿ, ಕುಡಿಯದವಳು ಅವತ್ತೇ ಶುರು ಮಾಡುವುದು ಬೇಡ.

ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಟೆಸ್ಟ್ ಪಾಸಾದ ಖುಷಿಯಲ್ಲಿ ತರಬೇತಿ ಶುಲ್ಕದ ಮೊದಲ ಕಂತು ಕಟ್ಟಿ, ಆಮೇಲೆ ಮೆಡಿಕಲ್‌ನಲ್ಲಿ ಬಣ್ಣ ಗುರುತಿಸುವ ದೋಷ ಗೊತ್ತಾದರೆ ಆ ದುಡ್ಡಿಗೆ ಅಲೆಯಬೇಕಾಗುತ್ತದೆ. ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಮಾನ್ಯ ಮಾಡಿದ ವೈದ್ಯರ ಹತ್ತಿರ ಕ್ಲಾಸ್ 2 ಎಂಬ ಮೆಡಿಕಲ್ ಪರೀಕ್ಷೆ ಈಗಲೇ ಮಾಡಿಸಿ, ಅದಾದ ಮೇಲೆ ಕ್ಲಾಸ್ 1. ಫಿಟ್ ಎಂಬ ಕಾಗದ ಕೈಗೆ ಬಂದ ಮೇಲೆ ಬ್ಯಾಂಕ್ ಸಾಲಕ್ಕೆ ಹೋಗಿ.